ಮುಷ್ಕರದ ದಿನಗಳಲ್ಲಿ ವಿಮಾನ ಪ್ರಯಾಣ: ಟಿಕೆಟ್ ಕೈಬಿಡುವ ಮುನ್ನ ತಿಳಿದಿರಬೇಕಾದದ್ದು

ವಿಮಾನಯಾನ ಸಂಸ್ಥೆಯೊಂದರ ನೌಕರರು ಮುಷ್ಕರ ಹೂಡಲಿದ್ದಾರೆ ಎಂಬ ಸುದ್ದಿ ಬಂದೊಡನೆ, ಆ ದಿನಗಳಿಗೆ ಟಿಕೆಟ್ ಕಾಯ್ದಿರಿಸಿದವರಿಗೆ ಮೊದಲು ತೋಚುವುದು ಅದನ್ನು ರದ್ದುಪಡಿಸಿ ಬೇರೆ ದಾರಿ ನೋಡಿಕೊಳ್ಳೋಣ ಎಂದು. ಅನೇಕ ಸಲ ಅದೇ ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಪ್ರಯಾಣಿಕರು ತಾವಾಗಿ ರದ್ದುಪಡಿಸಿದರೆ ಟಿಕೆಟ್ಟಿನ ದರದ ಷರತ್ತುಗಳು ಅನ್ವಯವಾಗುತ್ತವೆ. ಅಗ್ಗದ ಟಿಕೆಟ್ ಆಗಿದ್ದರೆ ತೆರಿಗೆಯ ಪಾಲನ್ನು ಬಿಟ್ಟು ಬೇರೇನೂ ಹಿಂದಿರುಗದೆ ಹೋಗಬಹುದು. ಅದೇ ವಿಮಾನವನ್ನು ಸಂಸ್ಥೆಯೇ ರದ್ದುಪಡಿಸಿದರೆ, ಹೆಚ್ಚಿನ ದೇಶಗಳ ನಿಯಮಗಳಂತೆ, ಪೂರ್ತಿ ಹಣವನ್ನು ಹಿಂದಿರುಗಿಸುವ ಇಲ್ಲವೇ ಬದಲಿ ವ್ಯವಸ್ಥೆ ಮಾಡುವ ಹೊಣೆ ಅದರ ಮೇಲೆ ಬೀಳುತ್ತದೆ. ಆದ್ದರಿಂದ ಸಂಸ್ಥೆಯ ಮಾತು ಬರುವ ತನಕ ಟಿಕೆಟ್ಟನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು. ಈ ಲೇಖನದ ಉಳಿದ ಸಲಹೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ನಿಂತಿವೆ.

ಕಾಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಘೋಷಣೆಯಾದ ಮುಷ್ಕರಗಳೆಲ್ಲ ನಡೆಯುವುದಿಲ್ಲ. 2019ರ ಸೆಪ್ಟೆಂಬರ್ 9 ಮತ್ತು 10ರಂದು ಬ್ರಿಟಿಷ್ ಏರ್‌ವೇಸ್ ಪೈಲಟ್‌ಗಳು ಮುಷ್ಕರ ಹೂಡಿದಾಗ ಆ ಸಂಸ್ಥೆಯ ಬಹುತೇಕ ಎಲ್ಲ ವಿಮಾನಗಳೂ ರದ್ದಾದವು. ಆದರೆ ಅದೇ ತಿಂಗಳ 27ಕ್ಕೆ ಗೊತ್ತುಮಾಡಿದ್ದ ಮತ್ತೊಂದು ದಿನದ ಮುಷ್ಕರವನ್ನು ಪೈಲಟ್‌ಗಳ ಸಂಘ ಮುಂಚಿತವಾಗಿಯೇ ಹಿಂತೆಗೆದುಕೊಂಡಿತು. ಮಾತುಕತೆ ಕೊನೆಯ ಗಳಿಗೆಯವರೆಗೂ ನಡೆಯುವುದು ಇಂಥ ವಿವಾದಗಳ ಸ್ವಭಾವ.

ಯಾರ ಮುಷ್ಕರ, ಯಾವ ವಿಮಾನ

ಸುದ್ದಿಯ ಶೀರ್ಷಿಕೆಯನ್ನಷ್ಟೇ ಓದಿ ಗಾಬರಿಪಡುವ ಮೊದಲು ಕೆಲಸ ನಿಲ್ಲಿಸುತ್ತಿರುವವರು ಯಾರು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪೈಲಟ್‌ಗಳು ಅಥವಾ ವಿಮಾನದೊಳಗಿನ ಪರಿಚಾರಕ ಸಿಬ್ಬಂದಿ ಮುಷ್ಕರ ಹೂಡಿದರೆ ಆ ಒಂದು ಸಂಸ್ಥೆಗೆ ಮಾತ್ರ ಪೆಟ್ಟು. ಪಕ್ಕದ ಗೇಟಿನ ಬೇರೆ ಸಂಸ್ಥೆಯ ವಿಮಾನ ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ವಾಯು ಸಂಚಾರ ನಿಯಂತ್ರಕರು ಮುಷ್ಕರ ಹೂಡಿದರೆ ಎಲ್ಲ ಸಂಸ್ಥೆಗಳಿಗೂ ಪೆಟ್ಟು, ಆ ದೇಶದ ಆಕಾಶವನ್ನು ದಾಟಿ ಹೋಗುವ ವಿಮಾನಗಳಿಗೂ ತೊಂದರೆ. ಸಾಮಾನು ಸಾಗಿಸುವವರು ಅಥವಾ ಭದ್ರತಾ ತಪಾಸಣೆಯವರು ನಿಂತರೆ ವಿಮಾನ ಹಾರಬಹುದು, ಆದರೆ ಪೆಟ್ಟಿಗೆ ಹಿಂದುಳಿಯಬಹುದು ಅಥವಾ ಪ್ರಯಾಣಿಕರೇ ಸರತಿಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಈ ಭೇದವು ಪರಿಹಾರದ ಹಕ್ಕನ್ನೂ ನಿರ್ಧರಿಸುತ್ತದೆ ಎಂಬುದನ್ನು ಮುಂದೆ ನೋಡೋಣ.

ಇದರೊಂದಿಗೆ ಟಿಕೆಟ್ಟಿನ ಮೇಲಿರುವ ಹೆಸರು ಮತ್ತು ನಿಜವಾಗಿ ವಿಮಾನ ಹಾರಿಸುವ ಸಂಸ್ಥೆ ಒಂದೇ ಆಗಿರಬೇಕಿಲ್ಲ ಎಂಬುದು ನೆನಪಿರಲಿ. ಕೋಡ್‌ಶೇರ್ ಒಪ್ಪಂದಗಳಿಂದಾಗಿ ಒಂದು ಸಂಸ್ಥೆಯ ಸಂಖ್ಯೆಯಲ್ಲಿ ಇನ್ನೊಂದು ಸಂಸ್ಥೆಯ ವಿಮಾನ ಹಾರುತ್ತದೆ. ಟಿಕೆಟ್ಟಿನಲ್ಲಿ ಸಣ್ಣ ಅಕ್ಷರಗಳಲ್ಲಿ ಯಾರ ನಿರ್ವಹಣೆ ಎಂದು ನಮೂದಾಗಿರುತ್ತದೆ. ನೋಡಬೇಕಾದದ್ದು ಆ ಸಾಲನ್ನು.

ಕೆಲವು ದೇಶಗಳಲ್ಲಿ ಮುಷ್ಕರದ ದಿನವೂ ಒಂದಿಷ್ಟು ಹಾರಾಟ ನಡೆಯಲೇಬೇಕೆಂಬ ನಿಯಮವಿದೆ. ಇಟಲಿಯಲ್ಲಿ ಬೆಳಗಿನ 7ರಿಂದ 10 ಮತ್ತು ಸಂಜೆಯ 6ರಿಂದ 9 ಗಂಟೆಯ ನಡುವೆ ಹೊರಡುವ ವಿಮಾನಗಳಿಗೆ ರಕ್ಷಣೆಯಿದೆ. ಫ್ರಾನ್ಸಿನಲ್ಲಿ ವಿಮಾನಯಾನ ಸಿಬ್ಬಂದಿ ತಾವು ಮುಷ್ಕರದಲ್ಲಿ ಭಾಗಿಗಳೆಂದು 48 ಗಂಟೆ ಮುಂಚೆ ತಿಳಿಸಬೇಕೆಂದು 2012ರ ಕಾನೂನು ಹೇಳುವುದರಿಂದ, ಯಾವ ವಿಮಾನ ಹಾರುತ್ತದೆ, ಯಾವುದು ಹಾರುವುದಿಲ್ಲ ಎಂಬ ಚಿತ್ರ ಹಿಂದಿನ ದಿನದ ಹೊತ್ತಿಗೆ ಸ್ಪಷ್ಟವಾಗಬಲ್ಲದು.

ರದ್ದತಿಗೆ ಮೊದಲಿನ ದಿನಗಳು

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಮುಷ್ಕರದ ಸೂಚನೆ ಬಂದ ಮೇಲೆ ಅನೇಕ ಸಂಸ್ಥೆಗಳು, ನಿಗದಿತ ದಿನಗಳ ಟಿಕೆಟ್ಟುಗಳನ್ನು ದಂಡವಿಲ್ಲದೆ ಬೇರೆ ದಿನಕ್ಕೆ ಬದಲಿಸಿಕೊಳ್ಳಬಹುದೆಂದು ಪ್ರಕಟಿಸುತ್ತವೆ. ಪ್ರಯಾಣದ ದಿನವನ್ನು ಹಿಂದು ಮುಂದು ಮಾಡಲು ಸಾಧ್ಯವಿರುವವರು ಈ ಅವಕಾಶವನ್ನು ಪ್ರಕಟವಾದ ದಿನವೇ ಬಳಸಿಕೊಳ್ಳುವುದು ಒಳಿತು, ಏಕೆಂದರೆ ಉಳಿದ ಆಸನಗಳು ಬೇಗ ತುಂಬುತ್ತವೆ. ದಿನ ಬದಲಿಸುವಾಗ ಮುಷ್ಕರ ಮುಗಿದ ಮರುದಿನವನ್ನು ಆರಿಸಿಕೊಳ್ಳದಿರುವುದು ಲೇಸು. ವಿಮಾನಗಳೂ ಸಿಬ್ಬಂದಿಯೂ ಇರಬಾರದ ಊರುಗಳಲ್ಲಿ ಉಳಿದುಬಿಟ್ಟಿರುತ್ತಾರೆ. ಅವರನ್ನೆಲ್ಲ ಮತ್ತೆ ವೇಳಾಪಟ್ಟಿಗೆ ತರಲು ದಿನಗಳು ಹಿಡಿಯುತ್ತವೆ. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಪರಿಚಾರಕ ಸಿಬ್ಬಂದಿಯ ಮುಷ್ಕರ 16ರಂದು ಆರಂಭವಾಗಿ 19ರಂದು ಮುಗಿದರೂ, ಸಂಸ್ಥೆಯು ಮುಷ್ಕರಕ್ಕೆ ಎರಡು ದಿನ ಮೊದಲೇ ವಿಮಾನಗಳನ್ನು ರದ್ದುಪಡಿಸಲು ತೊಡಗಿತ್ತು, ಮತ್ತು ಪೂರ್ಣ ಸಹಜ ಸ್ಥಿತಿಗೆ ಮರಳಲು ಏಳರಿಂದ ಹತ್ತು ದಿನಗಳು ಬೇಕಾಗಬಹುದೆಂದು ಮುಷ್ಕರ ಮುಗಿದಾಗ ಹೇಳಿತು.

ಏಜೆಂಟರ ಮೂಲಕ ಅಥವಾ ಟಿಕೆಟ್ ಮಾರುವ ಬೇರೆ ಜಾಲತಾಣದಿಂದ ಕೊಂಡವರು ಇನ್ನೊಂದು ಕೆಲಸ ಮಾಡಬೇಕು. ಅಂಥ ಟಿಕೆಟ್ಟುಗಳಲ್ಲಿ ಸಂಪರ್ಕಕ್ಕೆಂದು ಏಜೆಂಟರ ಸಂಖ್ಯೆಯೇ ದಾಖಲಾಗಿರುವುದುಂಟು. ರದ್ದತಿಯ ಸಂದೇಶ ಅವರಿಗೆ ಹೋಗಿ, ಪ್ರಯಾಣಿಕರು ಏನೂ ತಿಳಿಯದೆ ನಿಲ್ದಾಣಕ್ಕೆ ಬಂದುಬಿಡುತ್ತಾರೆ. ಪಿಎನ್‌ಆರ್ ಬಳಸಿ ವಿಮಾನಯಾನ ಸಂಸ್ಥೆಯ ಸ್ವಂತ ಜಾಲತಾಣ ಅಥವಾ ಆ್ಯಪ್‌ಗೆ ಪ್ರವೇಶಿಸಿ ತಮ್ಮದೇ ದೂರವಾಣಿ ಸಂಖ್ಯೆ ಮತ್ತು ಇಮೇಲ್ ಸೇರಿಸಿದರೆ ಈ ಅಪಾಯ ತಪ್ಪುತ್ತದೆ.

ಹೋಗಿ ಬರುವ ಟಿಕೆಟ್ ಇರುವವರಂತೂ ಒಂದು ವಿಷಯದಲ್ಲಿ ಬಹಳ ಎಚ್ಚರದಿಂದಿರಬೇಕು. ಹೋಗುವ ವಿಮಾನ ಹಾರಲಾರದೆಂದು ಊಹಿಸಿ ರೈಲಿನಲ್ಲೋ ಬೇರೆ ಸಂಸ್ಥೆಯ ವಿಮಾನದಲ್ಲೋ ಹೊರಟುಬಿಟ್ಟರೆ, ಮೂಲ ವಿಮಾನ ಹೇಗೋ ಹಾರಿದ ಪಕ್ಷದಲ್ಲಿ ಪ್ರಯಾಣಿಕರನ್ನು ಗೈರುಹಾಜರೆಂದು ಗುರುತಿಸಲಾಗುತ್ತದೆ, ಮತ್ತು ಸಾಮಾನ್ಯವಾಗಿ ಅದರೊಂದಿಗೆ ಮರಳುವ ಟಿಕೆಟ್ ಕೂಡ ತಾನಾಗಿ ರದ್ದಾಗುತ್ತದೆ. ಹೋಗುವ ವಿಮಾನವನ್ನು ಸಂಸ್ಥೆಯೇ ರದ್ದುಪಡಿಸಿದ್ದರೂ, ಮರಳುವ ಪ್ರಯಾಣ ತಮಗೆ ಬೇಕೆಂಬುದನ್ನು ಲಿಖಿತವಾಗಿ ತಿಳಿಸಿ, ಅದು ಉಳಿದಿದೆ ಎಂಬ ಉತ್ತರವನ್ನು ಪಡೆದುಕೊಳ್ಳಬೇಕು.

ಎರಡು ಬೇರೆ ಬೇರೆ ಟಿಕೆಟ್ ಕೊಂಡು ತಾವೇ ಪ್ರಯಾಣವನ್ನು ಜೋಡಿಸಿಕೊಂಡವರ ಸ್ಥಿತಿ ಎಲ್ಲರಿಗಿಂತ ಕಷ್ಟದ್ದು. ಮೊದಲ ವಿಮಾನ ರದ್ದಾದುದಕ್ಕೆ ಎರಡನೆಯ ಸಂಸ್ಥೆ ಹೊಣೆಯಲ್ಲ. ಎರಡನೆಯ ಟಿಕೆಟ್ಟಿನ ದಿನಾಂಕವನ್ನು ಬದಲಿಸಲು ಎಷ್ಟು ಶುಲ್ಕ, ಯಾವ ಗಂಟೆಯವರೆಗೆ ಬದಲಿಸಬಹುದು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು, ಆ ಗಡುವಿನೊಳಗೆ ತೀರ್ಮಾನಿಸಬೇಕು. ಇಲ್ಲಿ ಮಾತ್ರ ಕೊನೆಯವರೆಗೂ ಕಾಯುವುದು ಸರಿಯಲ್ಲ.

ರದ್ದಾದ ಮೇಲೆ

ರದ್ದತಿಯ ಸಂದೇಶ ಬಂದಾಗ ಅದರಲ್ಲಿ ಸಾಮಾನ್ಯವಾಗಿ ಎರಡು ಮೂರು ಗುಂಡಿಗಳಿರುತ್ತವೆ: ಹಣ ವಾಪಸು, ವೋಚರ್, ಬದಲಿ ವಿಮಾನ. ಆತುರದಲ್ಲಿ ಯಾವುದನ್ನೂ ಒತ್ತಬಾರದು. ಹಣ ವಾಪಸು ಪಡೆದೊಡನೆ ಆ ಪ್ರಯಾಣದ ಕರಾರು ಮುಗಿದಂತೆ. ಬಳಿಕ ಹೊಸ ಟಿಕೆಟ್ ಎಷ್ಟೇ ದುಬಾರಿಯಾದರೂ ಅದು ಪ್ರಯಾಣಿಕರ ಸ್ವಂತ ಖರ್ಚು. ಹೋಗಲೇಬೇಕಾದ ಕೆಲಸವಿದ್ದರೆ ಬದಲಿ ವಿಮಾನವನ್ನೇ ಕೇಳಬೇಕು. ವೋಚರ್ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಅದರ ಮೌಲ್ಯ ಟಿಕೆಟ್ ದರಕ್ಕಿಂತ ಗಣನೀಯವಾಗಿ ಹೆಚ್ಚಿದ್ದು, ಅವಧಿಯೊಳಗೆ ಅದೇ ಸಂಸ್ಥೆಯಲ್ಲಿ ಪ್ರಯಾಣಿಸುವುದು ನಿಶ್ಚಿತವಾಗಿದ್ದರೆ ಮಾತ್ರ ಒಪ್ಪಬಹುದು, ಇಲ್ಲವಾದರೆ ಹಣವೇ ಮೇಲು.

ಬದಲಿ ವಿಮಾನ ಕೇಳುವಾಗ, ಏನಾದರೂ ಮಾಡಿ ಎನ್ನುವುದಕ್ಕಿಂತ, ಇಂಥ ದಿನ ಇಂಥ ಗಂಟೆಯ ಇಂಥ ಸಂಖ್ಯೆಯ ವಿಮಾನದಲ್ಲಿ ಆಸನ ಇದೆ, ಅದರಲ್ಲಿ ಹಾಕಿಕೊಡಿ ಎನ್ನುವುದು ಬೇಗ ಫಲಿಸುತ್ತದೆ. ಕೌಂಟರಿನ ಹಿಂದೆ ಕುಳಿತವರು ಸಾವಿರಾರು ಜನರ ಒತ್ತಡದಲ್ಲಿರುತ್ತಾರೆ, ಮತ್ತು ಮುಷ್ಕರಕ್ಕೆ ಅವರು ಕಾರಣರಲ್ಲ. ಕೆಲಸವನ್ನು ಅವರಿಗೆ ಹಗುರ ಮಾಡಿಕೊಟ್ಟವರಿಗೆ ಉತ್ತರ ಬೇಗ ಸಿಗುತ್ತದೆ. ಎರಡು ಮೂರು ಆಯ್ಕೆಗಳನ್ನು ಮೊದಲೇ ಹುಡುಕಿಟ್ಟುಕೊಳ್ಳಿ, ಹತ್ತಿರದ ಬೇರೆ ವಿಮಾನ ನಿಲ್ದಾಣಗಳನ್ನೂ ಪರಿಗಣಿಸಿ. ಸರತಿಯಲ್ಲಿ ನಿಂತಿರುವಾಗಲೇ ಆ್ಯಪ್‌ನಲ್ಲೂ ದೂರವಾಣಿಯಲ್ಲೂ ಪ್ರಯತ್ನ ನಡೆಯುತ್ತಿರಲಿ. ಹೊಸ ದಾರಿ ಇನ್ನೊಂದು ದೇಶದ ಮೂಲಕ ಹಾದುಹೋಗುವುದಾದರೆ, ಒಪ್ಪುವ ಮೊದಲು ಅಲ್ಲಿ ಟ್ರಾನ್ಸಿಟ್ ವೀಸಾ ಬೇಕೇ ಎಂದು ನೋಡಿಕೊಳ್ಳಬೇಕು. ಇದನ್ನು ಮರೆತವರು ಬದಲಿ ವಿಮಾನವನ್ನೂ ಹತ್ತಲಾಗದೆ ಉಳಿಯುತ್ತಾರೆ.

ಹಕ್ಕುಗಳು ದೇಶದಿಂದ ದೇಶಕ್ಕೆ ಬಹಳ ವ್ಯತ್ಯಾಸಪಡುತ್ತವೆ. ಐರೋಪ್ಯ ಒಕ್ಕೂಟದಿಂದ ಹೊರಡುವ ಎಲ್ಲ ವಿಮಾನಗಳಿಗೂ, ಹೊರಗಿನಿಂದ ಅಲ್ಲಿಗೆ ಬರುವ ಒಕ್ಕೂಟದ ಸಂಸ್ಥೆಗಳ ವಿಮಾನಗಳಿಗೂ 2004ರ 261ನೆಯ ನಿಯಮಾವಳಿ ಅನ್ವಯಿಸುತ್ತದೆ. ರದ್ದತಿಯಾದಾಗ ಹಣ ವಾಪಸು ಮತ್ತು ಬದಲಿ ಪ್ರಯಾಣ ಇವೆರಡರಲ್ಲಿ ಆಯ್ಕೆ ಪ್ರಯಾಣಿಕರದ್ದು. ಕಾಯುವ ಅವಧಿಯಲ್ಲಿ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲು, ಅಲ್ಲಿಗೆ ಹೋಗಿಬರುವ ವಾಹನ ಇವು ಸಂಸ್ಥೆಯ ಖರ್ಚು. ಮುಷ್ಕರ ಯಾರದ್ದೇ ಆಗಿದ್ದರೂ ಈ ಆರೈಕೆ ತಪ್ಪುವುದಿಲ್ಲ. ಇದರ ಮೇಲೆ, ದೂರಕ್ಕೆ ಅನುಗುಣವಾಗಿ 250, 400 ಅಥವಾ 600 ಯೂರೋ ಪರಿಹಾರವೂ ಉಂಟು. ಆದರೆ 14 ದಿನಕ್ಕಿಂತ ಮುಂಚೆ ರದ್ದತಿ ತಿಳಿಸಿದ್ದರೆ ಅಥವಾ ಕಾರಣ ಅಸಾಧಾರಣ ಸಂದರ್ಭ, ಅಂದರೆ ಸಂಸ್ಥೆಯ ಹಿಡಿತದಾಚೆಯದು, ಆಗಿದ್ದರೆ ಅದು ಸಿಗುವುದಿಲ್ಲ. ಮುಷ್ಕರವೆಂದ ಮಾತ್ರಕ್ಕೆ ಅಸಾಧಾರಣ ಸಂದರ್ಭವೆಂದು ಸಂಸ್ಥೆಗಳು ಹೇಳುತ್ತ ಬಂದಿದ್ದವು. ಆದರೆ 2021ರ ಮಾರ್ಚ್‌ನಲ್ಲಿ ಸ್ಕ್ಯಾಂಡಿನೇವಿಯಾದ ವಿಮಾನಯಾನ ಸಂಸ್ಥೆ ಎಸ್‌ಎಎಸ್‌ನ ಪೈಲಟ್‌ಗಳ ಮುಷ್ಕರದ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯವು, ವೇತನ ಮತ್ತು ಕೆಲಸದ ಷರತ್ತುಗಳಿಗಾಗಿ ಸಂಸ್ಥೆಯ ಸ್ವಂತ ನೌಕರರು ಹೂಡುವ ಮುಷ್ಕರ ಆ ವರ್ಗಕ್ಕೆ ಸೇರುವುದಿಲ್ಲವೆಂದು ತೀರ್ಪಿತ್ತಿತು. ವಾಯು ಸಂಚಾರ ನಿಯಂತ್ರಕರ ಮುಷ್ಕರ ಸಂಸ್ಥೆಯ ಹಿಡಿತದಾಚೆಯದಾದ್ದರಿಂದ ಅದಕ್ಕೆ ಪರಿಹಾರದ ಹಣವಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥ ಪರಿಹಾರ ಧನ ಇಲ್ಲ, ಆದರೆ ಕಾರಣ ಏನೇ ಇದ್ದರೂ ರದ್ದಾದ ವಿಮಾನದ ಬದಲಿ ವ್ಯವಸ್ಥೆಯನ್ನು ಒಪ್ಪದ ಪ್ರಯಾಣಿಕರಿಗೆ ಪೂರ್ತಿ ಹಣ ಹಿಂದಿರುಗಿಸಬೇಕು. 2024ರ ನಿಯಮದಂತೆ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ ಏಳು ಕೆಲಸದ ದಿನಗಳೊಳಗೆ. ಕೆನಡಾದ ನಿಯಮಗಳು ಸಂಸ್ಥೆಯೊಳಗಿನ ಮುಷ್ಕರವನ್ನೂ ಅದರ ಹಿಡಿತಕ್ಕೆ ಹೊರತಾದುದೆಂದೇ ಪರಿಗಣಿಸುತ್ತವೆ, ಆದರೂ 48 ಗಂಟೆಗಳೊಳಗೆ ಹೊರಡುವ ಬದಲಿ ಸಿಗದಿದ್ದರೆ ಹಣ ವಾಪಸು ಕೇಳುವ ಹಕ್ಕಿದೆ. ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮಗಳಲ್ಲೂ ಮುಷ್ಕರ ಅಸಾಧಾರಣ ಸಂದರ್ಭಗಳ ಪಟ್ಟಿಯಲ್ಲಿದ್ದು, ಪರಿಹಾರ ಧನಕ್ಕೆ ಅಲ್ಲಿ ಅವಕಾಶವಿಲ್ಲ.

ನಿಲ್ದಾಣದಲ್ಲಿ, ಆ ಬಳಿಕ

ವಿಮಾನ ಹಾರುವುದೆಂದು ಖಚಿತವಾಗದೆ ನಿಲ್ದಾಣಕ್ಕೆ ಹೋಗಬೇಡಿ. ಹೋಗುವುದಾದರೆ ಸಾಧ್ಯವಿದ್ದಷ್ಟು ಕೈಚೀಲದಲ್ಲೇ ಪ್ರಯಾಣಿಸಿ. ಪೆಟ್ಟಿಗೆಯನ್ನು ಒಪ್ಪಿಸಿದ ಬಳಿಕ ವಿಮಾನ ರದ್ದಾದರೆ ಅದನ್ನು ಮರಳಿ ಪಡೆಯಲು ಗಂಟೆಗಳೇ ಬೇಕಾಗಬಹುದು, ಮತ್ತು ಪೆಟ್ಟಿಗೆ ಕೈಗೆ ಬರುವವರೆಗೆ ಬೇರೆ ದಾರಿ ಹಿಡಿಯುವುದು ಕಷ್ಟ. ನಿತ್ಯದ ಔಷಧಿಗಳು ಮೂರು ನಾಲ್ಕು ದಿನಗಳಿಗೆ ಹೆಚ್ಚುವರಿಯಾಗಿ ಕೈಚೀಲದಲ್ಲೇ ಇರಬೇಕು. ಮಕ್ಕಳು ಮತ್ತು ವಯಸ್ಸಾದವರು ಜೊತೆಗಿದ್ದರೆ ಇದು ಎಲ್ಲಕ್ಕಿಂತ ಮುಖ್ಯ.

ಸಂಸ್ಥೆಯು ಹೋಟೆಲ್ ಕೊಡಲಾಗದ ಸ್ಥಿತಿಯಲ್ಲಿದ್ದರೆ ಮಿತವಾದ ದರದ ಕೋಣೆಯನ್ನು ತಾವೇ ಮಾಡಿಕೊಂಡು ರಸೀದಿಗಳನ್ನು ಕಾಪಾಡಬೇಕು. ಐಷಾರಾಮಿ ಕೋಣೆಯ ಖರ್ಚನ್ನು ಯಾರೂ ತುಂಬಿಕೊಡುವುದಿಲ್ಲ. ರದ್ದತಿಯ ಸಂದೇಶ, ಸೂಚನಾ ಫಲಕದ ಚಿತ್ರ, ಸಿಬ್ಬಂದಿಯೊಂದಿಗೆ ನಡೆದ ಚಾಟ್ ಇವೆಲ್ಲವನ್ನೂ ಉಳಿಸಿಕೊಳ್ಳಿ. ರದ್ದತಿಯ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಏಕೆಂದರೆ ಪರಿಹಾರದ ವಾದ ಬಹುಪಾಲು ಆ ಒಂದು ಸಾಲಿನ ಮೇಲೆ ನಿಲ್ಲುತ್ತದೆ.

ಪ್ರಯಾಣ ವಿಮೆಯನ್ನು ಮುಷ್ಕರದ ಸುದ್ದಿ ಹೊರಬಿದ್ದ ಮೇಲೆ ಕೊಂಡರೆ ಸಾಮಾನ್ಯವಾಗಿ ಅದು ಈ ನಷ್ಟಕ್ಕೆ ಅನ್ವಯಿಸದು, ತಿಳಿದಿದ್ದ ಘಟನೆ ಎಂದು ಹೊರಗಿಡಲಾಗುತ್ತದೆ. ಮೊದಲೇ ಕೊಂಡಿದ್ದರೆ, ಸಂಸ್ಥೆ ಭರಿಸದ ಹೋಟೆಲು, ಕಾರ್ಯಕ್ರಮದ ಟಿಕೆಟ್ಟು ಮುಂತಾದ ಖರ್ಚುಗಳಿಗೆ ಅದನ್ನು ಬಳಸಬಹುದು. ಹಣ ವಾಪಸಿನ ಅರ್ಜಿಯನ್ನು ಮೊದಲು ಸಂಸ್ಥೆಗೆ, ಏಜೆಂಟರಿಂದ ಕೊಂಡಿದ್ದರೆ ಅವರಿಗೆ ಸಲ್ಲಿಸಬೇಕು. ನಿಗದಿತ ಅವಧಿ ಕಳೆದರೂ ಉತ್ತರ ಬಾರದಿದ್ದರೆ ಆಯಾ ದೇಶದ ವಿಮಾನಯಾನ ನಿಯಂತ್ರಕರಿಗೆ ದೂರು ಕೊಡಬಹುದು, ಕಾರ್ಡಿನಲ್ಲಿ ಪಾವತಿಸಿದವರು ಒದಗದ ಸೇವೆಯೆಂಬ ಕಾರಣ ನೀಡಿ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಪಾವತಿಸಿದ ಹಣದ ವಾಪಸಾತಿ, ಕೋರಬಹುದು. ಬ್ಯಾಂಕುಗಳು ಇದಕ್ಕೆ ಗಡುವು ಇಟ್ಟಿರುವುದರಿಂದ, ಸಂಸ್ಥೆಯ ಭರವಸೆಗಳನ್ನು ನಂಬಿ ತಿಂಗಳುಗಟ್ಟಲೆ ಸುಮ್ಮನಿರದೆ, ಆ ಗಡುವು ಯಾವಾಗ ಮುಗಿಯುತ್ತದೆಂದು ಅರ್ಜಿ ಸಲ್ಲಿಸುವ ದಿನವೇ ಬ್ಯಾಂಕನ್ನು ಕೇಳಿ ತಿಳಿದುಕೊಳ್ಳಿ.