ಒಟಿಟಿಗೆ ದುಡ್ಡು ಕಟ್ಟುವ ಮುಂಚೆ ರಿವ್ಯೂ ಓದುವುದು ಹೇಗೆ?

ಹೊಸ ಒಟಿಟಿ ತಗೊಳ್ಳಬೇಕು ಅಂದುಕೊಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಆ್ಯಪ್ ಸ್ಟೋರಿನಲ್ಲಿ 4.3 ಸ್ಟಾರ್ ಕಂಡ ಕೂಡಲೇ ‘ಚೆನ್ನಾಗಿದೆಯಂತೆ’ ಎಂದು ಇಡೀ ವರ್ಷದ ದುಡ್ಡು ಕಟ್ಟಿಬಿಡುತ್ತಾರೆ. ಇಲ್ಲವೇ ಮೇಲುಗಡೆ ಕಾಣುವ ಒಂದು ಸ್ಟಾರಿನ ಬೈಗುಳ ಓದಿ ‘ಅಯ್ಯೋ, ಬೇಡಪ್ಪಾ’ ಎಂದು ಕೈಬಿಡುತ್ತಾರೆ. ಇಬ್ಬರೂ ಆಮೇಲೆ ಪೇಚಾಡುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಬೇಕಾದ ಮಾಹಿತಿ ರಿವ್ಯೂಗಳಲ್ಲಿ ಇದ್ದೇ ಇರುತ್ತದೆ. ಸ್ಟಾರಿನಲ್ಲಿ ಮಾತ್ರ ಇರುವುದಿಲ್ಲ.

ಹಂತ 1: ಏನು ನೋಡಬೇಕು ಅಂತ ಬರೆದುಕೊಳ್ಳಿ

ಮುಂದಿನ ಒಂದು ತಿಂಗಳಲ್ಲಿ ನಿಜವಾಗಿ ನೋಡುವ ಸಿನಿಮಾ, ಸರಣಿಗಳ ಪಟ್ಟಿ ಮಾಡಿ. ಎರಡೋ ಮೂರೋ ಹೆಸರಿದ್ದರೆ ಚಂದಾ ಬೇಡ, ಬಾಡಿಗೆಗೆ ತಗೊಳ್ಳಿ.

ಬಾಡಿಗೆ ಸಿನಿಮಾದ ರಿವ್ಯೂ ಓದುವವರಿಗೆ ಒಂದು ವಿಷಯ ಗೊತ್ತಿರಬೇಕು. ಅಲ್ಲಿರುವ ಸಿಟ್ಟಿನಲ್ಲಿ ದೊಡ್ಡ ಪಾಲು ಗಡುವಿನ ಬಗ್ಗೆ. ಹೆಚ್ಚಿನ ಕಡೆ ಬಾಡಿಗೆ ಕಟ್ಟಿದ ಮೇಲೆ ನೋಡಲು ಶುರು ಮಾಡುವುದಕ್ಕೆ 30 ದಿನ ಇರುತ್ತದೆ. ಆದರೆ ಒಮ್ಮೆ ಪ್ಲೇ ಒತ್ತಿದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಮುಗಿಸಬೇಕು. ‘ಹೇಗಿದೆ ನೋಡೋಣ’ ಎಂದು ಶುಕ್ರವಾರ ರಾತ್ರಿ ಹತ್ತು ನಿಮಿಷ ಹಾಕಿ ನಿಲ್ಲಿಸಿದವರಿಗೆ ಸೋಮವಾರ ಆ ಸಿನಿಮಾ ಇರುವುದಿಲ್ಲ. ಅವರು ಬಂದು ‘ಮೋಸ’ ಎಂದು ಬರೆಯುತ್ತಾರೆ. ಮೋಸವೇನಲ್ಲ, ನಿಯಮ ಮೊದಲೇ ಹಾಕಿರುತ್ತಾರೆ. ಬಿಡುವಿದ್ದಾಗ ಮಾತ್ರ ಪ್ಲೇ ಒತ್ತಿ, ಅಷ್ಟೇ.

ಹಂತ 2: ಎಲ್ಲಿ ಓದಬೇಕು

ಒಂದೇ ಕಡೆ ಓದಬೇಡಿ. ಪ್ಲೇ ಸ್ಟೋರಿನಲ್ಲಿ ಕಾಣುವ ಅಂಕಿ ನಿಮ್ಮ ದೇಶದವರು, ನಿಮ್ಮ ಕೈಯಲ್ಲಿರುವಂಥ ಸಾಧನ ಬಳಸುವವರು ಕೊಟ್ಟದ್ದು. ಅಂದರೆ ಫೋನಿನಲ್ಲಿ ತೆರೆದು ನೋಡಿದರೆ ಫೋನಿನವರ ಅಭಿಪ್ರಾಯ ಸಿಗುತ್ತದೆ. ನೀವು ನೋಡುವುದು ಟಿವಿಯಲ್ಲಿ, ಅಲ್ವಾ? ಹಾಗಿದ್ದರೆ ಆ 4.3 ನಿಮ್ಮ ಟಿವಿಯ ಬಗ್ಗೆ ಏನೂ ಹೇಳುವುದಿಲ್ಲ. ಆಪಲ್‌ನ ಸ್ಟೋರಿನಲ್ಲಿ ಇನ್ನೊಂದು ವಿಚಾರ: ಹೊಸ ಆವೃತ್ತಿ ಬಿಡುವಾಗ ಹಳೆಯ ಸ್ಟಾರ್‌ಗಳ ಲೆಕ್ಕವನ್ನು ಅಳಿಸಿ ಮೊದಲಿಂದ ಶುರು ಮಾಡಲು ಕಂಪನಿಗೆ ಅವಕಾಶವಿದೆ. ಹೀಗಾಗಿ ಕಾಣುವ ಸರಾಸರಿ ಎಷ್ಟು ಹಳೆಯದು ಎನ್ನುವುದೇ ಗೊತ್ತಾಗುವುದಿಲ್ಲ.

ಗ್ರಾಹಕರ ದೂರುಗಳ ತಾಣಗಳಲ್ಲಿ ಎಲ್ಲರೂ ಬೈಯುತ್ತಲೇ ಇರುತ್ತಾರೆ. ಅಲ್ಲಿಗೆ ಹೋಗುವವರೇ ದುಡ್ಡು ಕಳೆದುಕೊಂಡವರು, ಹೊಗಳಲಿಕ್ಕೆ ಯಾರು ಹೋಗುತ್ತಾರೆ? ಆದರೂ ಬಿಲ್ಲಿನ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

‘ಈ ವರ್ಷದ ಹತ್ತು ಅತ್ಯುತ್ತಮ ಒಟಿಟಿಗಳು’ ಎನ್ನುವ ಲೇಖನಗಳನ್ನು ಮಾತ್ರ ಓದಲೇಬೇಡಿ. ಅವುಗಳಲ್ಲಿ ಬಹಳಷ್ಟರ ಕೆಳಗೆ ‘ಈಗಲೇ ಸೇರಿ’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿ ನೀವು ಸೇರಿದರೆ ಬರೆದವರಿಗೆ ಕಮಿಷನ್.

ಹಂತ 3: ಜರಡಿ ಹಿಡಿಯುವುದು

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ‘ಇತ್ತೀಚಿನವು’ ಎಂದು ವಿಂಗಡಿಸಿ. ಸ್ಟೋರ್ ತಾನಾಗಿ ತೋರಿಸುವುದು ‘ಹೆಚ್ಚು ಪ್ರಸ್ತುತ’ ಎಂಬ ಕ್ರಮ. ಅದರಲ್ಲಿ ವರ್ಷಗಳ ಹಿಂದಿನದೂ ಮೇಲೆ ಕೂತಿರುತ್ತದೆ. ಈ ಸೇವೆಗಳ ನಿಯಮ ಎಷ್ಟು ಬೇಗ ಬದಲಾಗುತ್ತದೆ ನೋಡಿ. 2023ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ನೂರಕ್ಕೂ ಜಾಸ್ತಿ ದೇಶಗಳಲ್ಲಿ, ಬೇರೆ ಮನೆಯವರ ಜೊತೆ ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೆ ತಡೆ ಹಾಕಿತು. ಅಮೆಜಾನ್ ಪ್ರೈಮ್ ವಿಡಿಯೊ 2024ರ ಜನವರಿಯಲ್ಲಿ ಅಮೆರಿಕದಲ್ಲಿ ಶುರು ಮಾಡಿ, ದುಡ್ಡು ಕಟ್ಟಿದವರಿಗೂ ಜಾಹೀರಾತು ತೋರಿಸತೊಡಗಿತು. ‘ನಾಲ್ಕು ಜನ ಸ್ನೇಹಿತರು ಸೇರಿ ತಗೊಳ್ಳಿ’, ‘ಜಾಹೀರಾತಿನ ಕಾಟವೇ ಇಲ್ಲ’ ಎನ್ನುವ ಹಳೆಯ ಹೊಗಳಿಕೆ ಬರೆದಾಗ ನಿಜವೇ ಆಗಿತ್ತು. ಇವತ್ತು ಅದನ್ನು ನಂಬಿದರೆ ದುಡ್ಡು ಹೋಗುತ್ತದೆ. ನನ್ನ ಮಟ್ಟಿಗೆ ಆರು ತಿಂಗಳಿಗಿಂತ ಹಳೆಯದಾದ ರಿವ್ಯೂ ಲೆಕ್ಕಕ್ಕಿಲ್ಲ.

ಆಮೇಲೆ ಎರಡು ಮತ್ತು ಮೂರು ಸ್ಟಾರಿನವನ್ನು ಓದಿ. ಐದು ಸ್ಟಾರಿನವರು ‘ಸೂಪರ್’ ಎಂದು ಹೋಗಿಬಿಡುತ್ತಾರೆ. ಒಂದು ಸ್ಟಾರಿನವರು ಕೋಪದಲ್ಲಿರುತ್ತಾರೆ. ನಡುವಿನವರು ಮಾತ್ರ ಕೂತು ಬರೆಯುತ್ತಾರೆ. ಈ ಎರಡು ಮಾದರಿ ನೋಡಿ.

‘ಥೂ, ದರಿದ್ರ ಆ್ಯಪ್. ದುಡ್ಡು ದಂಡ. ಯಾರೂ ತಗೋಬೇಡಿ.’

‘ಟಿವಿಯಲ್ಲಿ ಎರಡನೇ ಎಪಿಸೋಡ್ ಶುರುವಾದ ಮೇಲೆ ಸಬ್‌ಟೈಟಲ್ ಮಾತಿಗಿಂತ ಹಿಂದೆ ಬೀಳುತ್ತೆ. ಹೊರಗೆ ಬಂದು ಮತ್ತೆ ಹಾಕಿದರೆ ಸರಿಹೋಗುತ್ತೆ. ಹೋದ ಅಪ್‌ಡೇಟ್ ಆದಾಗಿನಿಂದ ಹೀಗೇ. ಫೋನಿನಲ್ಲಿ ತೊಂದರೆ ಇಲ್ಲ.’

ಮೊದಲನೆಯದರಿಂದ ನಿಮಗೆ ಏನೂ ಸಿಗಲಿಲ್ಲ. ಎರಡನೆಯದರಲ್ಲಿ ಸಾಧನ ಇದೆ, ಯಾವಾಗಿನಿಂದ ಎನ್ನುವುದಿದೆ, ಸದ್ಯದ ಉಪಾಯವೂ ಇದೆ. ಇಂಥದೇ ಮಾತು ಬೇರೆ ಬೇರೆಯವರಿಂದ, ಬೇರೆ ಬೇರೆ ದಿನ ಬಂದಿದ್ದರೆ ಅದು ನಿಜವಾದ ದೋಷ ಎಂದು ತಿಳಿಯಿರಿ. ಒಂದೇ ದಿನ ರಾಶಿ ರಾಶಿ ಬಂದಿದ್ದರೆ ಅವತ್ತು ಸರ್ವರ್ ಕೆಟ್ಟಿರಬೇಕು, ಅಥವಾ ಯಾವುದೋ ಸಿನಿಮಾದ ವಿವಾದಕ್ಕೆ ಜನ ಗುಂಪು ಕಟ್ಟಿಕೊಂಡು ಬಂದು ಸ್ಟಾರ್ ಇಳಿಸಿರಬೇಕು. ಒಂದೇ ದಿನ ರಾಶಿ ಬಿದ್ದ ಹೊಗಳಿಕೆಯನ್ನೂ ಇಷ್ಟೇ ಅನುಮಾನದಿಂದ ನೋಡಿ. ದುಡ್ಡು ಕೊಟ್ಟು ಬರೆಸುವ ಸುಳ್ಳು ರಿವ್ಯೂಗಳ ಹಾವಳಿ ಎಷ್ಟಿದೆಯೆಂದರೆ, ಅಮೆರಿಕದಲ್ಲಿ ಅದನ್ನು ತಡೆಯಲೆಂದೇ ಒಂದು ನಿಯಮ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂತು.

ಈಗ ಓದಿದ ದೂರುಗಳನ್ನು ಬೇರೆ ಮಾಡಿ.

ಸಿನಿಮಾ ಚೆನ್ನಾಗಿಲ್ಲ ಎನ್ನುವ ದೂರು. ಪಕ್ಕಕ್ಕಿಡಿ. ಕಥೆ ಹಿಡಿಸದ್ದಕ್ಕೆ ಸೇವೆಗೆ ಬೈದರೆ ಏನು ಪ್ರಯೋಜನ?

ಬಫರಿಂಗ್ ದೂರು. ಸುಮ್ನೆ ‘ಸುತ್ತುತ್ತಾ ಇರುತ್ತೆ’ ಎಂದು ಬರೆದವರಲ್ಲಿ ಬಹಳ ಜನರ ತೊಂದರೆ ಅವರ ಮನೆಯ ವೈಫೈನಲ್ಲೇ ಇರುತ್ತದೆ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, ಅದಕ್ಕಿಂತ ಸ್ಪಷ್ಟವಾದ 4ಕೆಗೆ 15 ಮೆಗಾಬಿಟ್ ವೇಗ ಬೇಕು. ನಿಮ್ಮ ಟಿವಿ ಇರುವ ಕೋಣೆಯಲ್ಲಿ ಅಷ್ಟು ಬರುತ್ತದೆಯೇ ಎಂದು ಮೊದಲು ನೋಡಿ. ರೌಟರ್ ಪಕ್ಕ ನಿಂತು ಫೋನಿನಲ್ಲಿ ಅಳೆದರೆ ಆಗಲಿಲ್ಲ, ಟಿವಿಯ ಮುಂದೆಯೇ ಅಳೆಯಬೇಕು. ನೇರ ಪ್ರಸಾರದ ಕತೆ ಬೇರೆ. 2024ರ ನವೆಂಬರಿನಲ್ಲಿ ಮೈಕ್ ಟೈಸನ್ ಮತ್ತು ಜೇಕ್ ಪಾಲ್ ಬಾಕ್ಸಿಂಗ್ ಪಂದ್ಯ ನೆಟ್‌ಫ್ಲಿಕ್ಸ್‌ನಲ್ಲಿ ಬಂದಾಗ ಒಂದೇ ಸಲಕ್ಕೆ ಕೋಟಿಗಟ್ಟಲೆ ಜನ ನುಗ್ಗಿ, ಎಷ್ಟೋ ಮನೆಗಳಲ್ಲಿ ಚಿತ್ರ ನಿಂತು ನಿಂತು ಬಂತು. ಅಂಥ ದೂರು ಸೇವೆಯ ಮೇಲೆಯೇ. ನಿಮಗೆ ಆಟ ನೋಡುವುದೇ ಮುಖ್ಯವಾದರೆ ಪಂದ್ಯದ ದಿನದ ರಿವ್ಯೂ ಹುಡುಕಿ ಓದಿ.

ಚಿತ್ರ ಮಸುಕು ಎನ್ನುವ ದೂರು. ‘ಎಚ್‌ಡಿಗೆ ದುಡ್ಡು ಕಟ್ಟಿದ್ದೇನೆ, ಬರುವುದು ಮಬ್ಬು ಮಬ್ಬು’ ಎನ್ನುವುದು ಎಲ್ಲ ಸೇವೆಗಳ ಕೆಳಗೂ ಇರುತ್ತದೆ. ಇದರ ಹಿಂದೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಕಾರಣವಿದೆ. ಸಿನಿಮಾ ಕದಿಯದಂತೆ ತಡೆಯುವ ವೈಡ್‌ವೈನ್ ಎಂಬ ಬೀಗ ಆ್ಯಂಡ್ರಾಯ್ಡ್ ಸಾಧನಗಳಲ್ಲಿರುತ್ತದೆ. ಅದರಲ್ಲಿ ಎಲ್1 (ಹೆಚ್ಚು ಭದ್ರ), ಎಲ್3 (ಕಡಿಮೆ ಭದ್ರ) ಎಂಬ ಮಟ್ಟಗಳಿವೆ. ಎಲ್3 ಮಾತ್ರ ಇರುವ ಅಗ್ಗದ ಫೋನು, ಟಿವಿ ಬಾಕ್ಸುಗಳಿಗೆ ದೊಡ್ಡ ಸೇವೆಗಳು ಸಾಮಾನ್ಯವಾಗಿ 480ಪಿ ಮಟ್ಟದ, ಅಂದರೆ ಎಚ್‌ಡಿಗಿಂತ ಕಡಿಮೆ ಸ್ಪಷ್ಟತೆಯ ಚಿತ್ರವನ್ನಷ್ಟೇ ಕಳಿಸುತ್ತವೆ. ಎಷ್ಟು ದೊಡ್ಡ ಪ್ಲಾನ್ ತಗೊಂಡರೂ ಅಷ್ಟೇ. ಹೆಸರು ಕೇಳದ ಕಂಪನಿಯ ‘4ಕೆ ಬಾಕ್ಸ್’ ಕೊಂಡವರು ಈ ಬಲೆಗೆ ಬೀಳುವುದು ಜಾಸ್ತಿ. ಡಬ್ಬಿಯ ಮೇಲೆ 4ಕೆ ಎಂದು ದೊಡ್ಡದಾಗಿ ಇರುತ್ತದೆ, ಎಲ್1 ಎಂದು ಎಲ್ಲೂ ಇರುವುದಿಲ್ಲ. ಕಂಪ್ಯೂಟರಿನಲ್ಲೂ ಕೆಲವು ಬ್ರೌಸರ್‌ಗಳಲ್ಲಿ ಪೂರ್ತಿ ಸ್ಪಷ್ಟತೆ ಸಿಗುವುದಿಲ್ಲ. ಆದ್ದರಿಂದ ಮಸುಕಿನ ದೂರು ಕಂಡರೆ ಬರೆದವರ ಸಾಧನ ಯಾವುದು ಎಂದು ನೋಡಿ, ನಿಮ್ಮದರ ಜೊತೆ ಹೋಲಿಸಿ.

ನಿನ್ನೆ ಇದ್ದ ಸಿನಿಮಾ ಇವತ್ತಿಲ್ಲ ಎನ್ನುವ ದೂರು. ಇದು ಎಲ್ಲ ಕಡೆಯೂ ಇದ್ದದ್ದೇ. ಸೇವೆಗಳು ಬಹಳಷ್ಟು ಸಿನಿಮಾಗಳನ್ನು ಇಂತಿಷ್ಟು ಕಾಲಕ್ಕೆ ಎಂದು ಹಕ್ಕು ಪಡೆದು ತೋರಿಸುತ್ತವೆ, ಅವಧಿ ಮುಗಿದರೆ ತೆಗೆಯುತ್ತವೆ. ‘ಖರೀದಿಸಿ’ ಎಂಬ ಗುಂಡಿ ಒತ್ತಿ ತಗೊಂಡ ಸಿನಿಮಾ ಕೂಡ ಹೆಚ್ಚಿನ ಕಡೆ ನಿಮ್ಮ ಸ್ವತ್ತಲ್ಲ, ನೋಡುವ ಪರವಾನಗಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಈ ಮಾತನ್ನು ಕೊಳ್ಳುವವರಿಗೆ ಬಿಡಿಸಿ ಹೇಳಲೇಬೇಕು ಎಂಬ ಕಾನೂನಿದೆ.

ಬಿಲ್ಲಿನ ದೂರು. ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ‘ನಿಲ್ಲಿಸಿದ ಮೇಲೂ ದುಡ್ಡು ಕಡಿತವಾಯಿತು’ ಎಂದು ಯಾರಾದರೂ ಬರೆದಿದ್ದರೆ ಅವರು ನಿಲ್ಲಿಸಿದ್ದು ಹೇಗೆ ಎಂದು ಹುಡುಕಿ. ಆ್ಯಪ್ ಅಳಿಸಿ ಹಾಕಿದ್ದಷ್ಟೇ ಆದರೆ ತಪ್ಪು ಅವರದೇ. ಫೋನಿನಿಂದ ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಆ್ಯಪ್ ಸ್ಟೋರ್ ಮೂಲಕ ಸೇರಿದ್ದರೆ ಸ್ಟೋರಿನ ಚಂದಾ ಪಟ್ಟಿಯಲ್ಲಿ, ಮೊಬೈಲ್ ಪ್ಯಾಕಿನ ಜೊತೆ ಬಂದಿದ್ದರೆ ಆ ಮೊಬೈಲ್ ಕಂಪನಿಯಲ್ಲಿ, ನೇರವಾಗಿ ಸೇರಿದ್ದರೆ ಸೇವೆಯ ವೆಬ್‌ಸೈಟಿನಲ್ಲಿ ನಿಲ್ಲಿಸಬೇಕು. ಸರಿಯಾದ ಜಾಗದಲ್ಲೇ ನಿಲ್ಲಿಸಿ, ದೃಢೀಕರಣದ ಮೇಲ್ ಕೂಡ ಬಂದು, ಆಮೇಲೂ ದುಡ್ಡು ಹೋಗಿದೆ ಎಂದು ಮೂರು ನಾಲ್ಕು ಜನ ಬರೆದಿದ್ದರೆ ಆ ಸೇವೆ ಬೇಡವೇ ಬೇಡ. ಅದರಲ್ಲಿ ಎಂಥ ಒಳ್ಳೆಯ ಸಿನಿಮಾ ಇದ್ದರೂ ಸರಿ.

ಕಂಪನಿಯ ಉತ್ತರಗಳನ್ನೂ ಓದಿ. ಹತ್ತು ಬೇರೆ ಬೇರೆ ದೂರಿಗೆ ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಈ ವಿಳಾಸಕ್ಕೆ ಬರೆಯಿರಿ’ ಎಂದು ಒಂದೇ ಉತ್ತರ ಅಂಟಿಸಿದ್ದರೆ ನಿಮಗೂ ಅದೇ ಸಿಗುತ್ತದೆ.

ಬೆಲೆ ಏರಿಸಿದರು ಎಂಬ ದೂರಿನಿಂದ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. 2011ರಲ್ಲಿ ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಡಿವಿಡಿ ಬಾಡಿಗೆಯನ್ನೂ ಸ್ಟ್ರೀಮಿಂಗನ್ನೂ ಬೇರೆ ಮಾಡಿ, ಎರಡೂ ಬೇಕೆನ್ನುವವರಿಗೆ ಬೆಲೆ ಸುಮಾರು ಶೇ 60ರಷ್ಟು ಏರಿಸಿತು. ಮೂರೇ ತಿಂಗಳಲ್ಲಿ ಸುಮಾರು 8 ಲಕ್ಷ ಚಂದಾದಾರರು ಹೋದರು. ಡಿವಿಡಿಗೆ ಕ್ವಿಕ್‌ಸ್ಟರ್ ಎಂಬ ಹೊಸ ಹೆಸರು ಇಡುವ ಯೋಜನೆಯನ್ನು ಕಂಪನಿ ಕೈಬಿಡಬೇಕಾಯಿತು. ಏರಿಸಿದ ಬೆಲೆ ಮಾತ್ರ ಇಳಿಯಲಿಲ್ಲ ಅನ್ನಿ.

ಹಂತ 4: ಒಂದೇ ತಿಂಗಳು

ವರ್ಷದ ಪ್ಲಾನ್ ಬೇಡ. ರಿಯಾಯಿತಿ ಎಷ್ಟೇ ಇರಲಿ, ಮೊದಲ ಸಲ ಬೇಡ. ಬೇರೆ ಯಾವುದೋ ಪ್ಯಾಕಿನ ಜೊತೆ ‘ಉಚಿತ’ವಾಗಿ ಬರುವುದನ್ನೂ ನಾನು ತಗೊಳ್ಳುವುದಿಲ್ಲ. ತೊಂದರೆಯಾದರೆ ಎರಡು ಕಂಪನಿಗಳು ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸುತ್ತಾ ಕೂರುತ್ತವೆ.

ಹಂತ 5: ಮೊದಲ ದಿನವೇ ಹೊರಗೆ ಹೋಗುವ ದಾರಿ ಹುಡುಕಿ

ಸಿನಿಮಾ ಹಾಕುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ‘ಚಂದಾ ರದ್ದು’ ಗುಂಡಿ ಎಲ್ಲಿದೆ ನೋಡಿಕೊಳ್ಳಿ. ಎಷ್ಟು ಪರದೆ ದಾಟಬೇಕು ಎನ್ನುವುದರಲ್ಲೇ ಆ ಕಂಪನಿ ಎಂಥದು ಎಂದು ಗೊತ್ತಾಗಿಬಿಡುತ್ತದೆ. ದುಡ್ಡು ಕಟ್ಟಿದ ತಿಂಗಳಾದರೆ ಸಾಮಾನ್ಯವಾಗಿ ಇವತ್ತೇ ರದ್ದು ಮಾಡಿದರೂ ಅವಧಿ ಮುಗಿಯುವ ತನಕ ನೋಡಬಹುದು. ಉಚಿತ ಪ್ರಯೋಗದಲ್ಲಿ ಹಾಗಲ್ಲ. ಕೆಲವು ಕಡೆ ರದ್ದು ಒತ್ತಿದ ಕ್ಷಣವೇ ಬಾಗಿಲು ಮುಚ್ಚುತ್ತದೆ, ಆ ಪರದೆಯ ಸಣ್ಣಕ್ಷರ ಓದಿ ಒತ್ತಿ. ಆಪಲ್ ಮೂಲಕ ಶುರು ಮಾಡಿದ ಪ್ರಯೋಗವನ್ನು ನಿಲ್ಲಿಸುವುದಾದರೆ ಅದು ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮುಂಚೆ ನಿಲ್ಲಿಸಿ. ದೃಢೀಕರಣದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆಮೇಲೆ ಪರೀಕ್ಷೆ. ನಿಮ್ಮ ಟಿವಿಯಲ್ಲೇ, ರಾತ್ರಿ ಎಲ್ಲರೂ ನೋಡುವ ಹೊತ್ತಿನಲ್ಲೇ, ನಿಮಗೆ ಬೇಕಾದ ಭಾಷೆಯ ಧ್ವನಿ ಮತ್ತು ಸಬ್‌ಟೈಟಲ್ ಹಾಕಿಯೇ ನೋಡಿ. ಅಷ್ಟು ಸಾಕು.

ಹಂತ 6: ನಿಮ್ಮ ಸರದಿ

ಈಗ ನೀವೂ ಬರೆಯಿರಿ, ಆದರೆ ಸಿಟ್ಟು ಇಳಿದ ಮೇಲೆ. ಯಾವ ಸಾಧನ, ಯಾವ ಪ್ಲಾನ್, ಎಲ್ಲಿಂದ ದುಡ್ಡು ಕಟ್ಟಿದ್ದು, ಏನಾಯಿತು, ಕೇಳಿದ್ದಕ್ಕೆ ಏನೆಂದರು. ನಾಲ್ಕು ಸಾಲು. ಕಾರ್ಡ್ ನಂಬರು, ಫೋನ್ ನಂಬರು ಹಾಕಬೇಡಿ. ಹಾಗೆ ಹಾಕಿದವರನ್ನು ಹುಡುಕಿಕೊಂಡು ‘ಕಸ್ಟಮರ್ ಕೇರ್’ ಹೆಸರಿನಲ್ಲಿ ವಂಚಕರು ಕರೆ ಮಾಡುತ್ತಾರೆ.

ಕೆಲವರು ಸೇವೆಯ ಮೇಲಿನ ಸಿಟ್ಟನ್ನು ಆ್ಯಪ್ ಒಳಗಿನ ಹೆಬ್ಬೆರಳ (ಸಿನಿಮಾ ಇಷ್ಟವಾಯಿತು, ಇಲ್ಲ ಎಂದು ಹೇಳುವ ಗುಂಡಿಯ) ಮೇಲೆ ತೀರಿಸಿಕೊಳ್ಳುತ್ತಾರೆ. ಅದರಿಂದ ಉಪಯೋಗವಿಲ್ಲ. ನೆಟ್‌ಫ್ಲಿಕ್ಸ್ 2017ರಲ್ಲಿ ಐದು ಸ್ಟಾರ್ ಪದ್ಧತಿ ತೆಗೆದು ಹೆಬ್ಬೆರಳು ತಂದದ್ದು ನಿಮಗೆ ಮುಂದೆ ಏನು ತೋರಿಸಬೇಕು ಎಂದು ಲೆಕ್ಕ ಹಾಕಲಿಕ್ಕೆ. ಕೆಳಗೆ ತಿರುಗಿಸಿದ ಹೆಬ್ಬೆರಳು ಒತ್ತಿದರೆ ಅಂಥ ಸಿನಿಮಾ ನಿಮ್ಮ ಪರದೆಯಲ್ಲಿ ಕಡಿಮೆಯಾಗುತ್ತದೆ, ಬಿಲ್ಲಿನ ದೂರು ಯಾರಿಗೂ ತಲುಪುವುದಿಲ್ಲ. ಬಿಲ್ಲಿನ ದೂರನ್ನು ಸೇವೆಯ ಸಹಾಯ ವಿಭಾಗದ ಚಾಟ್‌ನಲ್ಲಿ ಬರೆದು, ಆ ಮಾತುಕತೆಯನ್ನು ಉಳಿಸಿಕೊಳ್ಳಿ. ಸ್ಟೋರಿನಲ್ಲಿ ಹಾಕಿದ ರಿವ್ಯೂವನ್ನು ಆಮೇಲೆ ತಿದ್ದಬಹುದು. ದುಡ್ಡು ವಾಪಸ್ ಬಂದರೆ ‘ಇಂತಿಷ್ಟು ದಿನಕ್ಕೆ ಬಂತು’ ಎಂದು ಅದೇ ರಿವ್ಯೂಗೆ ಸೇರಿಸಿ.