ಎದೆ ಮೇಲೆ ಪ್ರೋಬ್ ಇಟ್ಟು ನೀರು ಹುಡುಕುವುದು

ಮಂಡ್ಯದ ನನ್ನ ಕ್ಲಿನಿಕ್ಕಿಗೆ ಬರುವವರು ಯಾರೂ ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸರಿಯಾಗಿ ರಕ್ತ ಪಂಪ್ ಮಾಡ್ತಿಲ್ಲ, ಅಂತ ಹೇಳಿಕೊಂಡು ಬರುವುದಿಲ್ಲ. "ಮಲಗಿದ್ರೆ ದಮ್ಮು ಕಟ್ತದೆ, ಎದ್ದು ಕೂತ್ರೆ ವಾಸಿ" ಅಂತಾರೆ. ಕಬ್ಬು ಬೆಳೆಯುವ ಯಜಮಾನರೊಬ್ಬರು ಹೀಗೇ ಬಂದಿದ್ದರು. ಬೀಡಿ ಅಭ್ಯಾಸ ಇತ್ತು. ಸ್ಟೆತಸ್ಕೋಪ್ ಇಟ್ಟರೆ ಸ್ವಲ್ಪ ಸುಂಯ್‌ಗುಟ್ಟುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಉಬ್ಬಸ ಅಂದುಕೊಂಡು ಇನ್‌ಹೇಲರ್ ಬರೆದುಕೊಟ್ಟೆ. ನಾಲ್ಕನೇ ರಾತ್ರಿ ಅವರನ್ನು ಆಂಬ್ಯುಲೆನ್ಸಿನಲ್ಲಿ ಮೈಸೂರಿಗೆ ಕರೆದೊಯ್ಯಬೇಕಾಯಿತು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಪುಣ್ಯಕ್ಕೆ ಉಳಿದುಕೊಂಡರು. ಆಮೇಲೆ ನಾನು ಅಲ್ಟ್ರಾಸೌಂಡ್ ಮೆಷಿನ್ನಿನ ಪ್ರೋಬ್ ಹಿಡಿದು ಶ್ವಾಸಕೋಶದ ನೀರು ನೋಡಲು ಕಲಿತೆ. ಚಿಕ್ಕ ಊರುಗಳಲ್ಲಿ ಕೆಲಸ ಮಾಡುವ ಡಾಕ್ಟರುಗಳು ಇದನ್ನು ಕಲಿಯಲೇಬೇಕು.

ಮೆಷಿನ್ ದೊಡ್ಡದೇ ಆಗಬೇಕಿಲ್ಲ, ಹೊಟ್ಟೆ ಸ್ಕ್ಯಾನಿನ ಬಾಗಿದ ಪ್ರೋಬ್ ಸಾಕು. ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿ ಮುಗಿಯದೆ ಮೆಷಿನ್ ಮುಟ್ಟಬೇಡಿ. ಆಳ 15 ಸೆಂಟಿಮೀಟರ್ ಸುತ್ತಮುತ್ತ ಇರಲಿ. ಚಿತ್ರವನ್ನು ನಯ ಮಾಡುವ ಸೆಟ್ಟಿಂಗ್‌ಗಳನ್ನೆಲ್ಲ ಆಫ್ ಮಾಡಿ. ನಮಗೆ ಬೇಕಾದ ಗೆರೆಗಳನ್ನೇ ಅವು ಅಳಿಸಿಬಿಡುತ್ತವೆ.

ಒಂದೊಂದು ಪಕ್ಕದಲ್ಲೂ ನಾಲ್ಕು ಜಾಗ: ಮುಂದೆ ಮೇಲೆ, ಮುಂದೆ ಕೆಳಗೆ, ಕಂಕುಳ ಕಡೆ ಮೇಲೆ, ಅದರ ಕೆಳಗೆ. ಒಟ್ಟು ಎಂಟು. ಎರಡು ಪಕ್ಕೆಲುಬು ಕಾಣುವ ಹಾಗೆ ಪ್ರೋಬನ್ನು ಉದ್ದಕ್ಕೆ ಹಿಡಿಯಿರಿ. ಎರಡು ಕಪ್ಪು ನೆರಳುಗಳ ನಡುವೆ ಒಂದು ಬಿಳಿ ಗೆರೆ ಉಸಿರಿನ ಜೊತೆ ಜಾರುತ್ತಿರುತ್ತದೆ. ಅದೇ ಪ್ಲೂರಾ, ಶ್ವಾಸಕೋಶದ ಹೊದಿಕೆ. ಒಣ ಶ್ವಾಸಕೋಶವಾದರೆ ಅದರ ಕೆಳಗೆ ಅಡ್ಡಗೆರೆಗಳು ಒಂದೇ ಅಂತರದಲ್ಲಿ ಮೆಟ್ಟಿಲಿನಂತೆ ಕಾಣುತ್ತವೆ. ಇವು ಎ ಲೈನ್. ನೀರು ಸೇರಿದ್ದರೆ ಮಂಜಿನಲ್ಲಿ ಟಾರ್ಚ್ ಬಿಟ್ಟ ಹಾಗೆ ಪ್ಲೂರಾದಿಂದಲೇ ಹೊರಟ ಉದ್ದಗೆರೆ, ಎಲ್ಲೂ ಮಸುಕಾಗದೆ ಪರದೆಯ ತಳ ಮುಟ್ಟುತ್ತದೆ. ಅಡ್ಡಗೆರೆಗಳನ್ನು ಅಳಿಸುತ್ತದೆ, ಉಸಿರಿಗೆ ತಕ್ಕಂತೆ ಅಲುಗಾಡುತ್ತದೆ. ಇದು ಬಿ ಲೈನ್. ಅರ್ಧಕ್ಕೇ ನಿಂತುಹೋಗುವ ಗೆರೆಗಳನ್ನು ಎಣಿಸಬೇಡಿ.

ಒಂದು ಇಡೀ ಉಸಿರಾಟ ನೋಡಿ, ಅತಿ ಹೆಚ್ಚು ಎಷ್ಟು ಕಂಡವೋ ಅಷ್ಟನ್ನು ಬರೆದುಕೊಳ್ಳಿ. ಒಂದು ಜಾಗದಲ್ಲಿ ಮೂರು ಅಥವಾ ಜಾಸ್ತಿ ಇದ್ದರೆ ಅದು ಪಾಸಿಟಿವ್. ಎರಡೂ ಪಕ್ಕದಲ್ಲಿ ಎರಡೆರಡು ಜಾಗವಾದರೂ ಪಾಸಿಟಿವ್ ಆಗಿ, ರೋಗಿಯ ಕಥೆಯೂ ಹೊಂದಿದರೆ, ಹೃದಯದ ಕಡೆ ಬಲವಾಗಿ ಯೋಚಿಸಿ. ಅಷ್ಟಿಲ್ಲ ಅಂತ ಸುಮ್ನೆ ಕಳಿಸಿಬಿಡಬೇಡಿ. ಮೊದಲೇ ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಎಂಟೂ ಜಾಗ ಸೇರಿ ಮೂರು ಗೆರೆ ಕಂಡರೂ ಮುಂದೆ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಕೆಳಗೆ ವಪೆಯ ಮೇಲೆ ಕಪ್ಪಗೆ ನೀರು ನಿಂತಿದೆಯಾ ಅಂತಲೂ ನೋಡಿ.

ನ್ಯುಮೋನಿಯಾದಲ್ಲೂ ಬಿ ಲೈನ್ ಬರುತ್ತದೆ, ಹೆಚ್ಚಾಗಿ ಒಂದೇ ಕಡೆ. ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್‌ನಲ್ಲಿ ಎರಡೂ ಕಡೆ ಬರಬಹುದು, ಆದರೆ ಪ್ಲೂರಾ ದಪ್ಪಗೆ, ಒರಟಾಗಿರುತ್ತದೆ, ಮೂತ್ರ ಹೆಚ್ಚಿಸಿ ನೀರು ಇಳಿಸುವ ಮಾತ್ರೆಗೆ ಗೆರೆ ಕಮ್ಮಿಯಾಗುವುದಿಲ್ಲ. ಹಾಗಾಗಿ ಜ್ವರ ಕೇಳಿ, ಕುತ್ತಿಗೆಯ ರಕ್ತನಾಳ ಉಬ್ಬಿದೆಯಾ ನೋಡಿ, ಕಾಲಿನ ಊತ ಒತ್ತಿ ನೋಡಿ, ಇಸಿಜಿ ತೆಗೆಯಿರಿ, ಸಾಧ್ಯವಾದರೆ ಹೃದಯದ ಮೇಲಿನ ಒತ್ತಡ ತೋರಿಸುವ ಬಿಎನ್‌ಪಿ ರಕ್ತಪರೀಕ್ಷೆ ಮಾಡಿಸಿ. ಹೃದಯದ ಸ್ಕ್ಯಾನ್, ಅಂದರೆ ಎಕೋ, ಬೇಕೇ ಬೇಕು. ಎದೆ ಒಣಗಿದೆ ಅಂದ ಮಾತ್ರಕ್ಕೆ ಹೃದಯ ಸರಿ ಇದೆ ಅಂತಲೂ ಅಲ್ಲ, ಮಾತ್ರೆ ತಗೊಂಡು ಬಂದವರಲ್ಲಿ ಗೆರೆ ಮಾಯವಾಗಿರಬಹುದು.

ಮಲಗಿಸಿದಾಗ ಒಂದು ಲೆಕ್ಕ, ಕೂರಿಸಿದಾಗ ಇನ್ನೊಂದು ಲೆಕ್ಕ ಬರುತ್ತದೆ. ಮೊದಲ ಸಲ ಹೇಗೆ ಮಾಡಿದಿರೋ ಮುಂದೆಯೂ ಹಾಗೇ ಮಾಡಿ. ನಾನು ತಲೆಯ ಕಡೆ ಸ್ವಲ್ಪ ಎತ್ತರಿಸಿ ಮಲಗಿಸುತ್ತೇನೆ. ಚೀಟಿಯಲ್ಲಿ ಅದನ್ನೂ ಬರೆದಿಡುತ್ತೇನೆ.

ಪರದೆಯನ್ನು ರೋಗಿಯ ಕಡೆ ತಿರುಗಿಸಿ. ಕಳೆದ ತಿಂಗಳು ಒಬ್ಬ ಅಜ್ಜಿಗೆ ತೋರಿಸಿ, "ಅಮ್ಮಾ, ಈ ಬೆಳ್ಳಗಿರೋ ಗೆರೆ ನೀರಿನ ಗುರುತು" ಅಂದೆ. ಅವರು ಸ್ವಲ್ಪ ಹೊತ್ತು ನೋಡಿ, "ಉಪ್ಸಾರು ಬುಡ್ಬೇಕಾ ಡಾಕ್ಟ್ರೇ?" ಅಂತ ಕೇಳಿದರು. ಬಿಡಬೇಡಿ, ಉಪ್ಪು ಕಮ್ಮಿ ಮಾಡಿ, ಉಪ್ಪಿನಕಾಯಿ ಮಾತ್ರ ಬೇಡ ಅಂದೆ. ಒಂದು ವಾರಕ್ಕೆ ಹದಿನಾಲ್ಕು ಗೆರೆ ಎರಡಕ್ಕೆ ಇಳಿದಿತ್ತು. ರಾತ್ರಿ ಒಂದೇ ದಿಂಬಿನಲ್ಲಿ ಮಲಗಿದೆ ಅಂದರು.