ಹ್ಯಾಂಗ್ ಆದ ಗೇಮ್ ಕನ್ಸೋಲ್: ಪ್ಲಗ್‌ಗೆ ಕೈ ಹಾಕುವ ಮೊದಲು

ಆಟ ಆಡುತ್ತಿರುವಾಗ ಪರದೆ ಅಲ್ಲಾಡದೆ ನಿಂತುಬಿಟ್ಟರೆ ಹೆಚ್ಚಿನವರು ಸೀದಾ ಸ್ವಿಚ್ ಬೋರ್ಡಿಗೆ ಕೈ ಹಾಕುತ್ತಾರೆ. ನಾನು ಅನುಸರಿಸುವ ಕ್ರಮದಲ್ಲಿ ಸ್ವಿಚ್ ಬೋರ್ಡ್ ಬರುವುದು ಎಲ್ಲಕ್ಕಿಂತ ಕೊನೆಗೆ. ಮುಖ್ಯ ಪ್ರೊಸೆಸರ್ ಪೂರ್ತಿ ಹ್ಯಾಂಗ್ ಆಗಿದ್ದರೂ ಪವರ್ ಬಟನ್ ನೋಡಿಕೊಳ್ಳುವ ಪುಟ್ಟ ಚಿಪ್ ಬೇರೆಯೇ ಇರುತ್ತದೆ. ಅದು ಸ್ಟ್ಯಾಂಡ್‌ಬೈ ಕರೆಂಟಿನಲ್ಲಿ ತನ್ನ ಪಾಡಿಗೆ ಎಚ್ಚರವಾಗಿರುತ್ತದೆ. ಬಟನ್ ಒತ್ತಿ ಹಿಡಿದರೆ, ಸಿಸ್ಟಂಗೆ ಇನ್ನೂ ಸ್ವಲ್ಪ ಜೀವವಿದ್ದಲ್ಲಿ ಬರೆಯುತ್ತಿದ್ದ ಫೈಲ್ ಮುಗಿಸಿ ಮುಚ್ಚಿಕೊಳ್ಳುವ ಅವಕಾಶ ಸಿಗುತ್ತದೆ. ಅದೂ ಆಗದಿದ್ದರೆ ಮಾತ್ರ ಒಳಗಿನ ಕರೆಂಟ್ ಕಡಿಯುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಈ ಅವಕಾಶವೇ ಇಲ್ಲ, ಹಾರ್ಡ್ ಡಿಸ್ಕ್ ಬರೆಯುತ್ತಿದ್ದುದು ಅರ್ಧಕ್ಕೇ ನಿಲ್ಲುತ್ತದೆ. ಸೇವ್ ಫೈಲ್ (ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೀರಿ ಎಂಬ ದಾಖಲೆ) ಹಾಳಾಗುವುದು, ಸಿಸ್ಟಂ ಬೂಟ್ ಆಗದಿರುವುದು, ಅಂದರೆ ಶುರುವೇ ಆಗದಿರುವುದು, ಇವೆಲ್ಲ ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಉದಾಹರಣೆಗೆ ಸೋನಿಯ ಪ್ಲೇಸ್ಟೇಷನ್ 4, ಅಂದರೆ ಪಿಎಸ್4 ತೆಗೆದುಕೊಳ್ಳುತ್ತೇನೆ. ಸೆಕೆಂಡ್ ಹ್ಯಾಂಡ್ ಆಗಿ ಕೈಯಿಂದ ಕೈಗೆ ದಾಟುತ್ತಾ ಇನ್ನೂ ಓಡುತ್ತಿರುವ ಯಂತ್ರ ಅದು. ಅದರೊಳಗೆ ಇರುವುದು ಲ್ಯಾಪ್‌ಟಾಪ್‌ನಲ್ಲಿರುವಂಥ 2.5 ಇಂಚಿನ ತಿರುಗುವ ಹಾರ್ಡ್ ಡಿಸ್ಕ್, ಹಾಗಾಗಿ ತಪ್ಪಾಗಿ ಆಫ್ ಮಾಡಿದರೆ ನಷ್ಟವೂ ಅದಕ್ಕೇ ಜಾಸ್ತಿ.

ಮೊದಲು ನಿಜಕ್ಕೂ ಹ್ಯಾಂಗ್ ಆಗಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಬರೀ ಕಂಟ್ರೋಲರ್ ಸಂಪರ್ಕ ತಪ್ಪಿದ್ದರೂ ಆಟ ನಿಂತಂತೆಯೇ ಕಾಣುತ್ತದೆ. ಹಿನ್ನೆಲೆ ಸಂಗೀತ ಸರಾಗವಾಗಿ ಬರುತ್ತಿದೆಯೇ, ಪಾತ್ರದ ಹಿಂದೆ ಮೋಡವೋ ನೀರೋ ಚಲಿಸುತ್ತಿದೆಯೇ ನೋಡಿ. ಚಲಿಸುತ್ತಿದ್ದರೆ ತೊಂದರೆ ಕಂಟ್ರೋಲರ್‌ನದು. ಕಂಟ್ರೋಲರ್ ಮಧ್ಯದಲ್ಲಿರುವ ಪಿಎಸ್ ಬಟನ್ ಅನ್ನು ಸುಮಾರು 10 ಸೆಕೆಂಡ್ ಹಿಡಿದರೆ ಕಂಟ್ರೋಲರ್ ಮಾತ್ರ ಆಫ್ ಆಗುತ್ತದೆ. ಆಮೇಲೆ ಯುಎಸ್‌ಬಿ ಕೇಬಲ್ ಹಾಕಿ ಮತ್ತೆ ಪಿಎಸ್ ಬಟನ್ ಒತ್ತಿ. ಅದಕ್ಕೂ ಜಗ್ಗದಿದ್ದರೆ ಕಂಟ್ರೋಲರ್‌ನ ಹಿಂಭಾಗದಲ್ಲಿ, ಎಲ್2 ಬಟನ್ ಹತ್ತಿರ ಒಂದು ಸಣ್ಣ ತೂತಿದೆ. ಸಿಮ್ ಟ್ರೇ ತೆಗೆಯುವ ಪಿನ್ನಿನಿಂದ ಒಳಗಿನ ಬಟನ್ ಅನ್ನು 5 ಸೆಕೆಂಡ್ ಒತ್ತಿ, ಮತ್ತೆ ಕೇಬಲ್‌ನಲ್ಲಿ ಜೋಡಿಸಿ. ಪರದೆ ಪೂರ್ತಿ ಕಪ್ಪಾಗಿದ್ದು ಶಬ್ದ ಬರುತ್ತಿದ್ದರೆ ಎಚ್‌ಡಿಎಂಐ ಕೇಬಲ್ ಅಥವಾ ಟಿವಿಯ ಇನ್‌ಪುಟ್ ಮೇಲೆ ಅನುಮಾನ ಪಡಿ. ಕೇಬಲ್ ತೆಗೆದು ಹಾಕಿ, ಟಿವಿಯ ಬೇರೆ ಪೋರ್ಟಿಗೆ ಹಾಕಿ ನೋಡಿ.

ಕಂಟ್ರೋಲರ್ ಸರಿಯಿದ್ದೂ ಆಟ ನಿಂತಿದೆ ಎಂದಾದರೆ ಎರಡು ಮೂರು ನಿಮಿಷ ಸುಮ್ಮನೆ ಬಿಡುತ್ತೇನೆ. ಹಳೆಯ ಹಾರ್ಡ್ ಡಿಸ್ಕ್ ಒಂದೇ ಸೆಕ್ಟರ್ (ಡಿಸ್ಕಿನ ಪುಟ್ಟ ಭಾಗ) ಅನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿರುವಾಗ ಆಟ ನಿಂತು, ಆಮೇಲೆ ತಾನಾಗಿಯೇ ಮುಂದುವರಿಯುವುದುಂಟು. ಪಿಎಸ್4ಗೆ ಡಿಸ್ಕ್ ಕೆಲಸ ಮಾಡುತ್ತಿದೆ ಎಂದು ತೋರಿಸುವ ದೀಪ ಇಲ್ಲ, ಕಿವಿಯನ್ನೇ ನಂಬಬೇಕು. ಪೆಟ್ಟಿಗೆಯ ಹತ್ತಿರ ಕಿವಿ ಇಟ್ಟರೆ ಕಟಕಟ ಸದ್ದು ಕೇಳುತ್ತದೆ. ಸದ್ದು ಬರುತ್ತಿರುವಷ್ಟು ಹೊತ್ತು ಕಾಯುವುದು ಲಾಭ. ಪರದೆಯ ಮೂಲೆಯಲ್ಲಿ ಆಟೋಸೇವ್ ಗುರುತು ಕಾಣುತ್ತಿದ್ದರೆ ಇನ್ನೂ ಸ್ವಲ್ಪ ಹೆಚ್ಚು ತಾಳ್ಮೆ ಬೇಕು. ಸಿಸ್ಟಂ ಅಪ್‌ಡೇಟ್ ನಡೆಯುತ್ತಿರುವಾಗ ಪಟ್ಟಿ ಮುಂದೆ ಸಾಗದಿದ್ದರೆ ಅದು ಬೇರೆಯೇ ಪ್ರಕರಣ: ಅರ್ಧ ಗಂಟೆಗೂ ಮೊದಲು ನಾನು ಬಟನ್ ಮುಟ್ಟುವುದಿಲ್ಲ. ಅಪ್‌ಡೇಟ್ ಅರ್ಧದಲ್ಲಿ ಕಡಿದರೆ ಸೇವ್ ಫೈಲ್ ಅಲ್ಲ, ಸಿಸ್ಟಂ ಸಾಫ್ಟ್‌ವೇರೇ ಹೋಗಬಹುದು.

ಕಾದ ಮೇಲೆ ಪಿಎಸ್ ಬಟನ್ ಒಮ್ಮೆ ಒತ್ತಿ. ಹೋಮ್ ಪರದೆ ಬಂದರೆ ನೀವು ಅರ್ಧ ಗೆದ್ದಂತೆ, ಏಕೆಂದರೆ ಹ್ಯಾಂಗ್ ಆಗಿರುವುದು ಆಟ ಮಾತ್ರ. ಆಟದ ಚಿತ್ರದ ಮೇಲೆ ನಿಂತು ಆಪ್ಷನ್ಸ್ ಬಟನ್ ಒತ್ತಿ, ಅಪ್ಲಿಕೇಶನ್ ಮುಚ್ಚುವ ಆಯ್ಕೆ ಆರಿಸಿ. ಆಟ ತಾನಾಗಿಯೇ ಬಿದ್ದು ಸಿಇ-34878-0 ಎಂಬ ಸಂಕೇತ ಬಂದರೂ ಗಾಬರಿ ಬೇಡ. ಅಪ್ಲಿಕೇಶನ್ ಕ್ರ್ಯಾಶ್ ಆಯಿತು ಎಂದಷ್ಟೇ ಅದರ ಅರ್ಥ. ಆಟ ಮುಚ್ಚಿದ ಮೇಲೆ ಪಿಎಸ್ ಬಟನ್ ಒತ್ತಿ ಹಿಡಿದು ಬರುವ ಕ್ವಿಕ್ ಮೆನುವಿನಲ್ಲಿ ಪವರ್‌ಗೆ ಹೋಗಿ ಪೂರ್ತಿ ಆಫ್ ಮಾಡಿ. ರೆಸ್ಟ್ ಮೋಡ್, ಅಂದರೆ ಪೂರ್ತಿ ಆರದೆ ಅರೆನಿದ್ರೆಯಲ್ಲಿಡುವ ಸ್ಥಿತಿ, ಬೇಡ.

ಪಿಎಸ್ ಬಟನ್‌ಗೂ ಉತ್ತರ ಬರದಿದ್ದಾಗ ಕನ್ಸೋಲಿನ ಮೇಲಿರುವ ಪವರ್ ಬಟನ್. ಇಲ್ಲಿ ಎಣಿಕೆ ಮುಖ್ಯ. ಒತ್ತಿದ ಕೂಡಲೇ ಒಂದು ಬೀಪ್, ಹಿಡಿದೇ ಇದ್ದರೆ ಸುಮಾರು 7 ಸೆಕೆಂಡ್ ಆದ ಮೇಲೆ ಇನ್ನೊಂದು ಬೀಪ್. ಎರಡನೆಯದು ಕೇಳಿದ ಮೇಲೆ ಬೆರಳು ತೆಗೆಯಿರಿ. ಮೊದಲ ಬೀಪ್‌ಗೇ ಬಿಟ್ಟರೆ ಅದು ರೆಸ್ಟ್ ಮೋಡಿಗೆ ಹೋಗುವ ಆದೇಶ. ಹ್ಯಾಂಗ್ ಆದ ಆಟವನ್ನು ಹಾಗೆಯೇ ಮಲಗಿಸಿದಂತಾಗುತ್ತದೆ. ಬಿಟ್ಟ ಮೇಲೆ ದೀಪ ಮಿಡಿಯುತ್ತಾ ಇರಬಹುದು, ಒಂದು ನಿಮಿಷ ಸಮಯ ಕೊಡಿ. ಆಗಲೂ ದೀಪ ಆರದಿದ್ದರೆ ಮತ್ತೆ ಒತ್ತಿ, ಈ ಸಲ ದೀಪ ಆರಿ ಫ್ಯಾನ್ ಸದ್ದು ಇಳಿಯುವ ತನಕ ಹಿಡಿದುಕೊಳ್ಳಿ.

ಮೊದಲ ಮಾದರಿಯ ಪಿಎಸ್4, ಅಂದರೆ ಸಿಯುಎಚ್-1000 ಮತ್ತು 1100 ಸರಣಿಯಲ್ಲಿ ಪವರ್ ಬಟನ್ ಒತ್ತುವಂಥದ್ದಲ್ಲ, ಸ್ಪರ್ಶಕ್ಕೆ ಕೆಲಸ ಮಾಡುವಂಥದ್ದು. ಮುಂಭಾಗದ ಗೀರಿನಲ್ಲಿ ಮೇಲಿನ ಭಾಗ ಪವರ್, ಕೆಳಗಿನದು ಡಿಸ್ಕ್ ಹೊರಹಾಕುವುದು. ಉಗುರಿನಿಂದ ಒತ್ತಿದರೆ ಕೆಲಸ ಮಾಡುವುದಿಲ್ಲ, ಒದ್ದೆ ಕೈಯಿಂದ ಮುಟ್ಟಿದರೆ ಎರಡೂ ಗೊಂದಲಕ್ಕೆ ಬೀಳುತ್ತವೆ. ಒಣಗಿದ ಬೆರಳಿನ ತುದಿಯನ್ನು ಅಲ್ಲಾಡಿಸದೆ ಇಡಬೇಕು. ಸಿಯುಎಚ್-1200ರಿಂದ ಮುಂದೆ, ಸ್ಲಿಮ್ ಮತ್ತು ಪ್ರೋ ಸೇರಿ, ನಿಜವಾದ ಬಟನ್‌ಗಳೇ ಬಂದವು.

ಇಷ್ಟೆಲ್ಲ ಆದರೂ ದೀಪ ಉರಿಯುತ್ತಲೇ ಇದ್ದರೆ ಮಾತ್ರ ಗೋಡೆಯ ಸ್ವಿಚ್. ಮೊದಲು ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ತೆಗೆಯಿರಿ. ಸ್ವಿಚ್ ಆನ್ ಇರುವಾಗ ಕನ್ಸೋಲ್ ಹಿಂದಿನ ಕೇಬಲ್ ಎಳೆದರೆ ಪಿನ್ನಿನಲ್ಲಿ ಕಿಡಿ ಹಾರುತ್ತದೆ, ಕಾಲಕ್ರಮೇಣ ಅಲ್ಲಿ ಸಂಪರ್ಕ ಸಡಿಲವಾಗುತ್ತದೆ. ಪ್ಲಗ್ ತೆಗೆದ ಮೇಲೆ ಪವರ್ ಬಟನ್ ಅನ್ನು ಕೆಲವು ಸೆಕೆಂಡ್ ಹಿಡಿಯಿರಿ, ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿಯಲು ಸಹಾಯವಾಗುತ್ತದೆ. ಒಂದೆರಡು ನಿಮಿಷ ಹಾಗೇ ಬಿಡಿ. ಈ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಎತ್ತಬೇಡಿ, ನಿಂತಿದ್ದನ್ನು ಮಲಗಿಸಬೇಡಿ. ಹಾರ್ಡ್ ಡಿಸ್ಕಿನ ತಟ್ಟೆಗಳು ಇನ್ನೂ ತಿರುಗುತ್ತಿರಬಹುದು, ಆಟದ ಡಿಸ್ಕ್ ಒಳಗಿದ್ದರೆ ಅದಕ್ಕೂ ಗೀರು ಬೀಳುತ್ತದೆ. ಯುಎಸ್‌ಬಿಯಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ಹಾಕಿದ್ದರೆ ಹ್ಯಾಂಗ್ ಬಿಡಿಸಲು ಅದನ್ನು ಕಿತ್ತು ನೋಡುವ ಅಭ್ಯಾಸವೂ ಬೇಡ. ಕನ್ಸೋಲ್ ಆರಿದ ಮೇಲೆಯೇ ಅದನ್ನು ತೆಗೆಯಬೇಕು.

ದೀಪದ ಬಣ್ಣದ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಕಿತ್ತಳೆ ಬಣ್ಣ ಎಂದರೆ ಆಫ್ ಅಲ್ಲ, ರೆಸ್ಟ್ ಮೋಡ್. ಆಟ ಮೆಮೊರಿಯಲ್ಲಿ ಹಾಗೆಯೇ ಕೂತಿರುತ್ತದೆ, ಹಿಂದೆ ಡೌನ್‌ಲೋಡ್ ನಡೆಯುತ್ತಿರಬಹುದು. ರಾತ್ರಿ ಟಿವಿ ಕಪ್ಪಾಗಿದೆ ಎಂದು ಸ್ವಿಚ್ ಬೋರ್ಡ್ ಆರಿಸಿ ಮಲಗುವ ಮನೆಗಳಲ್ಲಿ ದಿನವೂ ಒಂದು ಅಪೂರ್ಣ ಶಟ್‌ಡೌನ್ ಆಗುತ್ತಿರುತ್ತದೆ. ನಮ್ಮ ಊರುಗಳ ಕರೆಂಟಿನ ಸ್ಥಿತಿ ನೋಡಿದರೆ ರೆಸ್ಟ್ ಮೋಡ್ ಬಳಸದಿರುವುದೇ ವಾಸಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮಿಡಿಯುವ ನೀಲಿ ಎಂದರೆ ಆನ್ ಆಗುತ್ತಿದೆ; ಬಿಳಿಗೆ ತಿರುಗದೆ ನೀಲಿಯಲ್ಲೇ ಮಿಡಿಯುತ್ತಿದ್ದರೆ ಬೂಟ್ ಆಗುತ್ತಿಲ್ಲ. ಮಿನುಗುವ ಕೆಂಪು ಎಂದರೆ ಬಿಸಿ ಮೀರಿದೆ, ಆಫ್ ಮಾಡಿ ಪೂರ್ತಿ ತಣಿಯಲು ಬಿಡಿ. ಬೇಗ ತಣಿಯಲಿ ಎಂದು ಫ್ರಿಡ್ಜ್‌ನಲ್ಲಿಡುವುದು, ಎಸಿ ಗಾಳಿಗೆ ನೇರ ಒಡ್ಡುವುದು ಬೇಡ. ಒಳಗೆ ತೇವ ಕಟ್ಟಿದರೆ ಬಿಸಿಗಿಂತ ದೊಡ್ಡ ಅಪಾಯ.

ಮತ್ತೆ ಆನ್ ಮಾಡುವಾಗ ಕಂಟ್ರೋಲರ್ ಅನ್ನು ಯುಎಸ್‌ಬಿ ಕೇಬಲ್‌ನಲ್ಲೇ ಜೋಡಿಸಿ. ಸರಿಯಾಗಿ ಆಫ್ ಆಗಿರಲಿಲ್ಲ ಎಂಬ ಸಂದೇಶ ಬಂದು ಸ್ಟೋರೇಜ್ ತಪಾಸಣೆ ಶುರುವಾಗುತ್ತದೆ. ಎಷ್ಟೇ ಹೊತ್ತಾದರೂ ಅದನ್ನು ಮುಗಿಯಲು ಬಿಡಿ. ಮುಗಿದ ಕೂಡಲೇ ಅದೇ ಆಟ ತೆರೆಯುವ ಬದಲು ಸೇವ್ ಫೈಲ್‌ಗಳ ಪ್ರತಿ ಮಾಡಿಕೊಳ್ಳುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್‌ಗೆ ಹೋಗಿ ಪೆನ್‌ಡ್ರೈವ್‌ಗೆ ನಕಲು ಮಾಡಬಹುದು. ಡಿಸ್ಕ್ ಕೈಕೊಡುವ ಮುನ್ಸೂಚನೆ ಇದಾಗಿದ್ದರೆ, ಪ್ರತಿ ಮಾಡಿಕೊಳ್ಳಲು ಸಿಗುವ ಸಮಯ ಇದೊಂದೇ.

ಹ್ಯಾಂಗ್ ಮರುಕಳಿಸಿದರೆ ಸೇಫ್ ಮೋಡ್, ಅಂದರೆ ದುರಸ್ತಿಗೆಂದೇ ಇರುವ ಮೆನು. ಕನ್ಸೋಲ್ ಪೂರ್ತಿ ಆಫ್ ಇರುವಾಗ ಪವರ್ ಬಟನ್ ಒತ್ತಿ, ಎರಡನೇ ಬೀಪ್ ತನಕ ಹಿಡಿದು ಬಿಡಿ. ಇಲ್ಲಿ ಬ್ಲೂಟೂತ್ ನಡೆಯದು, ಕೇಬಲ್ ಬೇಕೇ ಬೇಕು. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ: ಪವರ್ ಬ್ಯಾಂಕ್ ಜೊತೆ ಬರುವ ಕೆಲವು ಮೈಕ್ರೋ ಯುಎಸ್‌ಬಿ ಕೇಬಲ್‌ಗಳಲ್ಲಿ ಚಾರ್ಜ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಕಂಟ್ರೋಲರ್ ಜೋಡಿಸಿ ಎಂಬ ಪರದೆ ಹೋಗುವುದೇ ಇಲ್ಲ, ಕನ್ಸೋಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಮೊಬೈಲ್‌ನಿಂದ ಕಂಪ್ಯೂಟರ್‌ಗೆ ಫೋಟೋ ಹಾಕಲು ಬರುವ ಕೇಬಲ್ ಆದರೆ ಸಾಕು.

ಸೇಫ್ ಮೋಡ್ ಪಟ್ಟಿಯಲ್ಲಿ 5ನೆಯದು ಡೇಟಾಬೇಸ್ ಮರುನಿರ್ಮಾಣ. ಇದು ಡಿಸ್ಕ್ ಅನ್ನು ಪೂರ್ತಿ ಓದಿ ವಿಷಯಸೂಚಿಯನ್ನು ಹೊಸದಾಗಿ ಕಟ್ಟುತ್ತದೆ; ಆಟಗಳಾಗಲಿ ಸೇವ್‌ಗಳಾಗಲಿ ಅಳಿಸುವುದು ಇದರ ಕೆಲಸವಲ್ಲ. ತುಂಬಿದ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯಬಹುದು, ಕರೆಂಟ್ ಹೋಗುವ ಭಯವಿಲ್ಲದ ಹೊತ್ತು ನೋಡಿ ಶುರುಮಾಡಿ. 4ನೆಯದು ಸೆಟ್ಟಿಂಗ್‌ಗಳನ್ನು ಮಾತ್ರ ಮೊದಲಿನಂತೆ ಮಾಡುತ್ತದೆ. 6 ಮತ್ತು 7 ಎಲ್ಲವನ್ನೂ ಅಳಿಸುತ್ತವೆ, ಸೇವ್ ಪ್ರತಿ ಕೈಯಲ್ಲಿಲ್ಲದೆ ಅವುಗಳ ಹತ್ತಿರ ಹೋಗಬೇಡಿ.

ಬೇರೆ ಕನ್ಸೋಲ್‌ಗಳಲ್ಲಿ ತತ್ವ ಇದೇ, ಎಣಿಕೆ ಬೇರೆ. ಪಿಎಸ್5ರಲ್ಲೂ ಎರಡನೇ ಬೀಪ್‌ವರೆಗೆ ಹಿಡಿಯುವುದೇ ಕ್ರಮ. ಅದರಲ್ಲಿ ತಿರುಗುವ ಡಿಸ್ಕ್ ಇಲ್ಲ, ಆದರೆ ಒಳಗಿನ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳಿಂದಾದ ಸ್ಟೋರೇಜ್) ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ್ದು. ಪಿಎಸ್4ರಂತೆ ಬಿಚ್ಚಿ ಬೇರೆ ಹಾಕಲು ಬರುವುದಿಲ್ಲ. ಪಿಎಸ್5 ಆಟಗಳ ಸೇವ್ ಅನ್ನು ಪಿಎಸ್4ರಂತೆ ಒಂದೊಂದಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಲೂ ಆಗದು, ಮಾಮೂಲಿ ದಾರಿ ಕ್ಲೌಡ್. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಎಕ್ಸ್, ಎಸ್‌ಗಳಲ್ಲಿ ಮುಂಭಾಗದ ಬಟನ್ ಅನ್ನು ಸುಮಾರು 10 ಸೆಕೆಂಡ್ ಹಿಡಿಯಬೇಕು. ಆಮೇಲೆ ಪ್ಲಗ್ ತೆಗೆದು 10 ಸೆಕೆಂಡ್ ಬಿಟ್ಟು ಹಾಕಿದರೆ ಪವರ್ ಸಪ್ಲೈ ಕೂಡ ರೀಸೆಟ್ ಆಗುತ್ತದೆ. ಸೀರೀಸ್ ಮಾದರಿಗಳಲ್ಲಿ ಕ್ವಿಕ್ ರೆಸ್ಯೂಮ್ ಎಂಬ ಸೌಲಭ್ಯ ಹ್ಯಾಂಗ್ ಆದ ಸ್ಥಿತಿಯನ್ನೇ ಉಳಿಸಿಟ್ಟುಕೊಂಡಿರಬಹುದು, ಹಾಗಾಗಿ ಆಟವನ್ನು ಮೆನು ಬಟನ್‌ನಿಂದ ಕ್ವಿಟ್ ಮಾಡಿಯೇ ಮತ್ತೆ ತೆರೆಯಿರಿ. ನಿಂಟೆಂಡೊ ಸ್ವಿಚ್‌ನಲ್ಲಿ ಬ್ಯಾಟರಿ ಇರುವುದರಿಂದ ಪ್ಲಗ್ ಕಿತ್ತರೂ ಅದು ಆಫ್ ಆಗದು. ಮೇಲಿನ ಪವರ್ ಬಟನ್ ಅನ್ನು ಕನಿಷ್ಠ 12 ಸೆಕೆಂಡ್ ಹಿಡಿದು ಬಿಟ್ಟು, ಆಮೇಲೆ ಒಮ್ಮೆ ಒತ್ತಿ. ಆ ಹೊತ್ತಿನಲ್ಲಿ ಮೈಕ್ರೋ ಎಸ್‌ಡಿ ಕಾರ್ಡ್ ಮುಟ್ಟಬೇಡಿ.

ಇನ್ನು ಹ್ಯಾಂಗ್ ಆಗುವುದಕ್ಕೆ ಕಾರಣ. ಯಾವಾಗ ನಿಂತಿತು ಎನ್ನುವುದನ್ನು ಬರೆದಿಟ್ಟುಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಂದೇ ಆಟ, ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಆ ಆಟದ ಫೈಲ್ ಹಾಳಾಗಿರುವುದು ಅಥವಾ ಆಟದ ಡಿಸ್ಕಿನ ಗೀರು ಕಾರಣ. ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ. ಯಾವ ಆಟವಾದರೂ ಅರ್ಧ ಗಂಟೆ ಆಡಿದ ಮೇಲೆ, ಫ್ಯಾನ್ ಭೋರ್ಗರೆಯುವಾಗ ನಿಲ್ಲುತ್ತಿದ್ದರೆ ಧೂಳು ಮತ್ತು ಒಣಗಿದ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಹೊರಕ್ಕೆ ಸಾಗಿಸುವ ಲೇಪ). ಬೋರ್‌ವೆಲ್ ಮೋಟಾರ್ ಆನ್ ಆದ ಕ್ಷಣಕ್ಕೆ, ಅಥವಾ ಕರೆಂಟಿನಿಂದ ಇನ್ವರ್ಟರ್‌ಗೆ ಬದಲಾಗುವಾಗ ನಿಲ್ಲುತ್ತಿದ್ದರೆ ತೊಂದರೆ ಹೊರಗಿನದು. ಮನೆಯ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡಿನ ಸ್ವಿಚ್ ಇದ್ದರೆ ಅದನ್ನು ಹಾಕಿ, ಬದಲಾವಣೆ ಬೇಗ ಆಗುತ್ತದೆ. ಚೌಕ ತರಂಗದ ಹಳೆಯ ಇನ್ವರ್ಟರ್‌ಗಿಂತ ಸೈನ್ ವೇವ್ ಇರುವುದು ಒಳ್ಳೆಯದು. ಕರೆಂಟ್ ಹೋದಾಗ ಕನ್ಸೋಲಿನ ಸ್ವಿಚ್ ಆರಿಸಿ, ಬಂದ ಮೇಲೆ ಕೆಲವು ನಿಮಿಷ ಕಾದು ಹಾಕಿ. ಕರೆಂಟ್ ಬರುವ ಕ್ಷಣದ ವೋಲ್ಟೇಜ್ ಏರಿಳಿತವೇ ಪವರ್ ಸಪ್ಲೈಗೆ ಹೆಚ್ಚು ಪೆಟ್ಟು ಕೊಡುವುದು.

ಹೋಮ್ ಪರದೆಯೇ ತಡವರಿಸುತ್ತಿದೆ, ಲೋಡ್ ಆಗುವಾಗಲೇ ನಿಲ್ಲುತ್ತಿದೆ, ಡೇಟಾಬೇಸ್ ಮರುನಿರ್ಮಾಣವೂ ಮುಗಿಯುತ್ತಿಲ್ಲ ಎಂದರೆ ಹಾರ್ಡ್ ಡಿಸ್ಕ್ ಹೋಗುತ್ತಿದೆ. ಪಿಎಸ್4ಗೆ ಬೇಕಾದ್ದು 2.5 ಇಂಚಿನ, ದಪ್ಪ 9.5 ಮಿ.ಮೀ. ಮೀರದ, 160 ಜಿಬಿಗೆ ಕಡಿಮೆಯಿಲ್ಲದ, ಸಾಟಾ ಎಂಬ ಬಗೆಯ ಕನೆಕ್ಟರ್ ಇರುವ ಡಿಸ್ಕ್. ಎಸ್‌ಎಸ್‌ಡಿ ಕೂಡ ಕೂರುತ್ತದೆ. ಹೊಸ ಡಿಸ್ಕ್ ಹಾಕಿದ ಮೇಲೆ ಸೇಫ್ ಮೋಡಿನ 7ನೇ ಆಯ್ಕೆಯಿಂದ ಸಿಸ್ಟಂ ಸಾಫ್ಟ್‌ವೇರ್ ಹಾಕಬೇಕು. ಇದಕ್ಕೆ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಬೇಕು. ಅದರಲ್ಲಿ ಪಿಎಸ್4 ಎಂಬ ಫೋಲ್ಡರ್, ಅದರೊಳಗೆ ಅಪ್‌ಡೇಟ್ ಎಂಬ ಫೋಲ್ಡರ್, ಎರಡೂ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ. ಸೋನಿಯ ಜಾಲತಾಣದಲ್ಲಿ ಎರಡು ಬಗೆಯ ಫೈಲ್ ಸಿಗುತ್ತವೆ, ಹೆಸರು ಎರಡಕ್ಕೂ ಒಂದೇ. ಮಾಮೂಲಿ ಅಪ್‌ಡೇಟ್ ಫೈಲ್ ಚಿಕ್ಕದು, ಖಾಲಿ ಡಿಸ್ಕಿಗೆ ಅದು ನಡೆಯುವುದಿಲ್ಲ. ಮರುಸ್ಥಾಪನೆಗೆಂದೇ ಕೊಟ್ಟಿರುವ, ಸುಮಾರು 1 ಜಿಬಿ ಗಾತ್ರದ ದೊಡ್ಡ ಫೈಲನ್ನೇ ಇಳಿಸಿಕೊಳ್ಳಿ.